ಮ್ಯೂಟ್ ಆದ ದನಿಗೆ ಎಷ್ಟು ಅಂಕ?

ಕಳೆದ ವರ್ಷದ ಅಭ್ಯಾಸ ಬೋಧನೆಯಲ್ಲಿ ನಾನು ವೀಕ್ಷಿಸಿದ ಒಂದು ಪದ್ಯಪಾಠಕ್ಕೆ ಪಾಠೋಪಕರಣದ ಕಲಂನಲ್ಲಿ 10ಕ್ಕೆ 9 ಅಂಕ ಕೊಟ್ಟಿದ್ದೆ. ಆ ಅಂಕ ತಪ್ಪು ಎಂಬುದು ನನ್ನ ಈಗಿನ ಅಭಿಪ್ರಾಯ. ಏಕೆ ಎಂದು ಹೇಳಬೇಕಾಗಿದೆ, ಏಕೆಂದರೆ ಅದೇ ರೀತಿಯ ಉಪಕರಣಗಳು ಈ ವರ್ಷ ಇನ್ನೂ ಹೆಚ್ಚು ಬರುತ್ತಿವೆ.

8ನೆಯ ತರಗತಿ. ಪದ್ಯ ಕುಮಾರವ್ಯಾಸನದು. ಪ್ರಶಿಕ್ಷಣಾರ್ಥಿ ಹಿಂದಿನ ವಾರವೇ ಹಾಡಲು ಮುಂದೆ ಬಂದ ಆರು ಮಕ್ಕಳನ್ನು ಒಬ್ಬೊಬ್ಬರಾಗಿ ಕೂರಿಸಿ, ಇಯರ್‌ಫೋನ್‌ನಲ್ಲಿ ತಾಳ ಕೇಳಿಸುತ್ತಾ, ಲ್ಯಾಪ್‌ಟಾಪ್‌ನಲ್ಲಿ ಆಡಾಸಿಟಿ ತಂತ್ರಾಂಶ ಬಳಸಿ ಧ್ವನಿಮುದ್ರಣ ಮಾಡಿಕೊಂಡಿದ್ದರು. ಒಬ್ಬೊಬ್ಬರ ದನಿಗೂ ಒಂದೊಂದು ಟ್ರ್ಯಾಕ್. ಅವುಗಳನ್ನು ಒಂದರ ಕೆಳಗೆ ಒಂದು ಜೋಡಿಸಿ, ಗದ್ದಲ ತೆಗೆದು, ಸ್ವಲ್ಪ ಅನುರಣನ ಸೇರಿಸಿ ವೃಂದಗಾನ ಮಾಡಿದ್ದರು. ತರಗತಿಯಲ್ಲಿ ಬ್ಲೂಟೂತ್ ಸ್ಪೀಕರಿನಿಂದ ಅದು ಹೊರಟಾಗ ಮಕ್ಕಳು ಚಪ್ಪಾಳೆ ತಟ್ಟಿದರು. ನನಗೂ ಸಂತೋಷವಾಯಿತು. ಚಾರ್ಟು, ಮಿಂಚುಪಟ್ಟಿ ನೋಡಿ ನೋಡಿ ದಣಿದ ವೀಕ್ಷಕನಿಗೆ ಇದು ಹೊಸದು.

ಗಂಟೆ ಹೊಡೆದ ಮೇಲೆ ಹಿಂದಿನ ಬೆಂಚಿನ ಒಬ್ಬ ಹುಡುಗ ಮೇಜಿನ ಹತ್ತಿರ ಬಂದ. "ಮಿಸ್, ಇದ್ರಲ್ಲಿ ನನ್ನ ವಾಯ್ಸ್ ಬರ್ಲೇ ಇಲ್ಲ."

ಆಕೆ ಏನೋ ಸಮಾಧಾನ ಹೇಳಿ ಕಳಿಸಿದರು. ಆಮೇಲೆ ನಾನು ಕೇಳಿದೆ, "ಏನಮ್ಮಾ, ಅವನದು ರೆಕಾರ್ಡ್ ಆಗಿರಲಿಲ್ಲವೆ?"

"ಆಗಿತ್ತು ಸರ್. ಅವನೂ ಇನ್ನೊಬ್ಬ ಹುಡುಗನೂ ಸೇರಿದ್ರೆ ಹಾಡು ಕೆಡ್ತಿತ್ತು. ಮ್ಯೂಟ್ ಮಾಡ್ದೆ."

ಪ್ರತಿ ಟ್ರ್ಯಾಕಿನ ಎಡತುದಿಯಲ್ಲಿ ಮ್ಯೂಟ್ ಎಂಬ ಒಂದು ಗುಂಡಿ ಇರುತ್ತದೆ. ಒತ್ತಿದರೆ ಆ ದನಿ ಅಳಿಸಿಹೋಗುವುದಿಲ್ಲ, ಕೇಳಿಸುವುದಿಲ್ಲ ಅಷ್ಟೆ. ಆಕೆಯನ್ನು ನಾನು ಬಯ್ಯುವ ಸ್ಥಿತಿಯಲ್ಲಿರಲಿಲ್ಲ. ನಮ್ಮ ಮೌಲ್ಯಮಾಪನ ನಮೂನೆಯಲ್ಲಿ 'ಪಾಠೋಪಕರಣದ ಗುಣಮಟ್ಟ' ಎಂಬ ಕಲಂ ಇದೆ. ಉಪಕರಣ ತಯಾರಾಗುವಾಗ ಯಾವ ಮಗು ಹೊರಗುಳಿಯಿತು ಎಂದು ಕೇಳುವ ಕಲಂ ಇಲ್ಲ. ನಾವು ಏನಕ್ಕೆ ಅಂಕ ಕೊಡುತ್ತೇವೋ ಅದನ್ನೇ ಆಕೆ ತಯಾರಿಸಿ ತಂದಿದ್ದರು.

ಆ ಇಬ್ಬರು ಹುಡುಗರ ಟ್ರ್ಯಾಕನ್ನು ಬೇರೆಯಾಗಿ ಕೇಳಿದೆ. ಅವರು ಅಪಸ್ವರದಲ್ಲಿ ಹಾಡುವವರೇನಲ್ಲ. ದನಿ ಒಡೆಯುತ್ತಿರುವ ವಯಸ್ಸು. ಪ್ರಶಿಕ್ಷಣಾರ್ಥಿ ತಮ್ಮ ಕಂಠಕ್ಕೆ ಹೊಂದುವ ಶ್ರುತಿಯನ್ನು ಎಲ್ಲರಿಗೂ ಇಟ್ಟಿದ್ದರು. ಹುಡುಗಿಯರಿಗೆ ಅದು ಸಲೀಸಾಯಿತು. ಈ ಹುಡುಗರು ಮೇಲಕ್ಕೆ ಹೋಗಲಾರದೆ ಅರ್ಧದಲ್ಲಿ ಮಂದ್ರಕ್ಕೆ ಇಳಿದಿದ್ದರು. ಸ್ವರ ತಿದ್ದುವ ತಂತ್ರಾಂಶಗಳೂ ಈಗ ಇವೆ; ಆಟೋಟ್ಯೂನ್ ಬಂದದ್ದು 1997ರಲ್ಲಿ. ಆದರೆ ಅದಕ್ಕೆ ಗೊತ್ತಾಗುವುದು ಸ್ವರ ಎಷ್ಟು ಜಾರಿದೆ ಎಂಬುದು ಮಾತ್ರ. ಜಾರಿದ್ದು ಹದಿಮೂರರ ಹುಡುಗನ ಗಂಟಲು ಬೆಳೆಯುತ್ತಿರುವುದರಿಂದ ಎಂಬುದು ಗೊತ್ತಾಗಬೇಕಾದ್ದು ಶಿಕ್ಷಕರಿಗೆ. ಹಾಡಿಸುವ ಮೊದಲು ಎರಡು ಶ್ರುತಿಯಲ್ಲಿ ಗುನುಗಿಸಿ ನೋಡಿದ್ದರೆ ಸಾಕಿತ್ತು.

ಇನ್ನೊಂದು ತಪ್ಪನ್ನು ತರಗತಿಯಲ್ಲಿ ನಾನೂ ಗಮನಿಸಲಿಲ್ಲ. ಕಡತವನ್ನು ಪೆನ್‌ಡ್ರೈವಿಗೆ ಹಾಕಿಸಿಕೊಂಡು ಮನೆಯಲ್ಲಿ ಕೇಳುವಾಗ ಕಿವಿಗೆ ಬಿತ್ತು. ಇಂಥ ತಂತ್ರಾಂಶಗಳಲ್ಲಿ ಬಹುತೇಕ ಎಲ್ಲವೂ ತೆರೆದ ಕೂಡಲೇ ನಾಲ್ಕು ಎಣಿಕೆಯ ತಾಳ, ನಿಮಿಷಕ್ಕೆ 120 ಬಡಿತ ಎಂದು ತಾವೇ ನಿಶ್ಚಯಿಸಿಕೊಂಡಿರುತ್ತವೆ. ಪರದೆಯ ಮೇಲಿನ ಗೆರೆಗಳೂ ಅದೇ ಲೆಕ್ಕ. ಪದ್ಯವೋ ಭಾಮಿನಿ ಷಟ್ಪದಿ. ಮೂರು, ನಾಲ್ಕು, ಮೂರು, ನಾಲ್ಕು ಎಂದು ನಡೆಯುವ ಮಾತ್ರೆಗಳು. ಅದನ್ನು ನಾಲ್ಕರ ತಾಳಕ್ಕೆ ಹಾಡಿಸಿದಾಗ ಮಕ್ಕಳು ಪ್ರತಿ ಮೂರು ಮಾತ್ರೆಯ ಗಣದ ಕೊನೆಯಲ್ಲಿ ಒಂದಿಷ್ಟು ಎಳೆದು ನಾಲ್ಕಾಗಿಸಿದ್ದಾರೆ. ಕೇಳಲು ಸೊಗಸು. ಆದರೆ ಆ ಪಾಠದ ಉದ್ದೇಶಗಳಲ್ಲಿ 'ಭಾಮಿನಿ ಷಟ್ಪದಿಯ ಲಕ್ಷಣವನ್ನು ಗುರುತಿಸುವರು' ಎಂದು ಬರೆದಿತ್ತು! ಉಪಕರಣವೇ ಉದ್ದೇಶಕ್ಕೆ ವಿರುದ್ಧವಾಗಿ ಕೆಲಸ ಮಾಡಿತು, ವೀಕ್ಷಕ ಅದಕ್ಕೆ 9 ಕೊಟ್ಟ.

ತಾಳವನ್ನು ಏಳಕ್ಕೆ ಬದಲಿಸಿಕೊಳ್ಳಲು ಬರುತ್ತದೆ, ಕಷ್ಟವಿಲ್ಲ. ವಾರ್ಧಕ ಷಟ್ಪದಿಯಾದರೆ ಐದಕ್ಕೆ. ತಂತ್ರಾಂಶವೇ ಬೇಡವೆಂದರೆ 'ತಕಿಟ ತಕಧಿಮಿ' ಎಂದು ಕೈಯಲ್ಲೇ ತಟ್ಟಿಸಬಹುದು. ಗಮಕಿಗಳು ನನ್ನ ಈ ಮಾತಿಗೂ ನಗುತ್ತಾರೇನೋ, ಗಮಕ ವಾಚನಕ್ಕೆ ತಾಳದ ಕಟ್ಟು ಇರುವುದಿಲ್ಲ, ಅರ್ಥಕ್ಕೆ ತಕ್ಕಂತೆ ಪದ ಒಡೆದು ಭಾವಕ್ಕೆ ತಕ್ಕಂತೆ ನಿಲ್ಲುತ್ತಾರೆ. ನಿಜ. ಛಂದಸ್ಸನ್ನು ಕಲಿಸುವಾಗ ತಾಳ, ಕಾವ್ಯವನ್ನು ಓದುವಾಗ ಗಮಕ ಎಂದು ಎರಡನ್ನೂ ಬೇರೆ ಬೇರೆ ದಿನ ಕೇಳಿಸಬೇಕೆನ್ನುವುದು ನನ್ನ ಅನಿಸಿಕೆ.

ಹಾಗೆಂದು ಈ ತಂತ್ರಾಂಶಗಳೇ ಬೇಡ ಎನ್ನುವ ಹಿರಿಯ ಸಹೋದ್ಯೋಗಿಗಳ ಜೊತೆ ನಾನಿಲ್ಲ. ಆಡಾಸಿಟಿ 2000ದಲ್ಲೇ ಸಾರ್ವಜನಿಕರಿಗೆ ಬಿಡುಗಡೆಯಾದದ್ದು. ಉಚಿತ, ಹಳೆಯ ಕಂಪ್ಯೂಟರಿನಲ್ಲೂ ನಡೆಯುತ್ತದೆ. ನನ್ನ ತಕರಾರು ನಾವು ಅದನ್ನು ಹೊಳಪು ಕೊಡುವ ಯಂತ್ರವಾಗಿ ಮಾತ್ರ ನೋಡುತ್ತಿದ್ದೇವೆ ಎಂಬುದು. ಅದು ಮೊದಲು ಕಿವಿಯ ಉಪಕರಣ. ದನಿಯನ್ನು ಕಣ್ಣಿಗೆ ಕಾಣುವಂತೆ ಮಾಡುತ್ತದೆ.

ಒಂದು ಉದಾಹರಣೆ ಕೊಡುತ್ತೇನೆ. ಒತ್ತಕ್ಷರದ ಹಿಂದಿನ ಅಕ್ಷರ ಗುರು ಎಂಬ ನಿಯಮವನ್ನು ನಾವೆಲ್ಲ ಬಾಯಿಪಾಠ ಮಾಡಿಸಿದ್ದೇವೆ. 'ಪುಟ'ದಲ್ಲಿ ಪು ಲಘು, 'ಪುಟ್ಟ'ದಲ್ಲಿ ಪು ಗುರು. ಜಾಣ ಮಗು ಕೇಳುತ್ತದೆ: ಎರಡರಲ್ಲೂ ಇರುವುದು ಹ್ರಸ್ವ ಉಕಾರವೇ ಅಲ್ಲವೆ, ಇಲ್ಲಿ ಮಾತ್ರ ಎರಡು ಮಾತ್ರೆ ಎಲ್ಲಿಂದ ಬಂತು? ನನ್ನ ಹತ್ತಿರ ಬಹಳ ವರ್ಷ ಇದಕ್ಕೆ 'ನಿಯಮ ಹಾಗಿದೆ' ಎನ್ನುವುದಕ್ಕಿಂತ ಒಳ್ಳೆಯ ಉತ್ತರವಿರಲಿಲ್ಲ. ಮಗುವಿನ ಬಾಯಲ್ಲೇ ಎರಡೂ ಪದ ಹೇಳಿಸಿ ಮುದ್ರಿಸಿ, ಅಲೆಯ ಚಿತ್ರವನ್ನು ಹಿಗ್ಗಿಸಿ ತೋರಿಸಿ. 'ಪು' ಮುಗಿದ ಮೇಲೆ, 'ಟ' ಸಿಡಿಯುವ ಮುನ್ನ, ಒಂದು ಚಪ್ಪಟೆ ಗೆರೆ ಕಾಣುತ್ತದೆ. ನಾಲಿಗೆ ಅಂಗುಳಕ್ಕೆ ಅಂಟಿ ಗಾಳಿ ತಡೆದ ಹೊತ್ತು ಅದು. 'ಪುಟ್ಟ'ದಲ್ಲಿ ಆ ಗೆರೆ ಎದ್ದು ಕಾಣುವಷ್ಟು ಉದ್ದ. ಹೆಚ್ಚಿನ ಮಾತ್ರೆ ಇರುವುದು ಆ ಮೌನದಲ್ಲಿ. ಮೌಸಿನಿಂದ ಆಯ್ದರೆ ಅದು ಎಷ್ಟು ಸೆಕೆಂಡು ಎಂದೂ ತಂತ್ರಾಂಶ ಹೇಳುತ್ತದೆ. ಮಕ್ಕಳು ಅಳೆಯುತ್ತಾ ಹೋದರೆ ಗುರು ಎಂದರೆ ಲಘುವಿನ ಸರಿಯಾಗಿ ಎರಡರಷ್ಟು ಎಂಬ ಪುಸ್ತಕದ ಲೆಕ್ಕ ಬಾಯಿಯಲ್ಲಿ ಹಾಗೆಯೇ ಬರುವುದಿಲ್ಲ ಎಂಬುದನ್ನೂ ತಾವೇ ಕಂಡುಕೊಳ್ಳುತ್ತಾರೆ. ಅಂಥ ಪಾಠಕ್ಕೆ ಅನುರಣನವೂ ಬೇಡ, ಗದ್ದಲ ತೆಗೆಯುವುದೂ ಬೇಡ.

ಗದ್ದಲದ ವಿಷಯ ಬಂದದ್ದರಿಂದ ಹೇಳಿಬಿಡುತ್ತೇನೆ. ಗದ್ದಲ ತೆಗೆಯುವ ಸೌಲಭ್ಯವನ್ನು ಅತಿಯಾಗಿ ಬಳಸಿದರೆ ಮಕ್ಕಳ ದನಿ ನೀರಿನೊಳಗಿಂದ ಬಂದಂತಾಗುತ್ತದೆ. ಅದರ ಬದಲು ಮೈಕನ್ನು ಬಾಯಿಗೆ ಒಂದು ಗೇಣು ಹತ್ತಿರ ತಂದು, ಫ್ಯಾನ್ ಆರಿಸಿ. ಮಟ್ಟ ಸೂಚಿಸುವ ಪಟ್ಟಿ ಅತಿ ಜೋರಾದಲ್ಲೂ ಸೊನ್ನೆ ಡೆಸಿಬೆಲ್ ಮುಟ್ಟದೆ ಮೈನಸ್ ಆರರ ಸುಮಾರಿಗೆ ನಿಲ್ಲಲಿ. ತುದಿ ಕತ್ತರಿಸಿಹೋದ ಅಲೆಯನ್ನು ಆಮೇಲೆ ಸರಿಯಾಗಿ ಕೂಡಿಸಲಾಗದು. ಮಕ್ಕಳ ಧ್ವನಿಯನ್ನು ಸ್ಟೇಟಸ್‌ಗೆ ಹಾಕುವ ಚಾಳಿಯಂತೂ, ಮುಖ್ಯಶಿಕ್ಷಕರ ಮತ್ತು ಪೋಷಕರ ಒಪ್ಪಿಗೆ ಇಲ್ಲದೆ, ಕೂಡದು.

ಎರಡು ವರ್ಷದ ಬಿ.ಇಡಿ. ಬಂದ ಮೇಲೆ ನಾಟಕ ಮತ್ತು ಕಲೆಗೆ ಒಂದು ಇಪಿಸಿ, ಐಸಿಟಿಗೆ ಇನ್ನೊಂದು ಇಪಿಸಿ ಎಂದು ಹಂಚಿಕೊಂಡಿದ್ದೇವೆ. ಹಾಡನ್ನು ಮುದ್ರಿಸುವ ಕೆಲಸ ಎರಡರ ನಡುವೆ ಬೀಳುತ್ತದೆ. ಕಲೆಯವರು ಕಂಪ್ಯೂಟರ್ ಎಂದು ಬಿಡುತ್ತಾರೆ, ಐಸಿಟಿಯವರು ಸಂಗೀತ ಎಂದು ಬಿಡುತ್ತಾರೆ. ಹಾಗಾಗಿ ಪ್ರಶಿಕ್ಷಣಾರ್ಥಿಗಳು ಇದನ್ನು ಕಲಿಯುವುದು ಯೂಟ್ಯೂಬಿನಿಂದ, ಅಲ್ಲಿ ಹೇಳಿಕೊಡುವುದು ಹಾಡನ್ನು ಚೊಕ್ಕಟ ಮಾಡುವುದನ್ನು. ತಪ್ಪು ಹಾಡುವವರನ್ನು ಹಾಡಿಸುವುದು ಹೇಗೆಂದು ಅಲ್ಲಿ ಯಾರು ಹೇಳಬೇಕು?

ಈ ಸಾಲಿನಿಂದ ನನ್ನ ಗುಂಪಿನ ಪ್ರಶಿಕ್ಷಣಾರ್ಥಿಗಳಿಂದ ಸಿದ್ಧ ಎಂಪಿ3 ಕಡತದ ಜೊತೆಗೆ ಪ್ರಾಜೆಕ್ಟ್ ಕಡತವನ್ನೂ ಕೇಳುತ್ತಿದ್ದೇನೆ. ಆಡಾಸಿಟಿಯ 3ನೆಯ ಆವೃತ್ತಿಯಿಂದ ಎಲ್ಲ ಟ್ರ್ಯಾಕುಗಳೂ ಒಂದೇ ಕಡತದಲ್ಲಿ ಉಳಿಯುತ್ತವೆ, ಒಯ್ಯುವುದು ಸುಲಭ. ತೆರೆದರೆ ಯಾವ ದನಿ ಮ್ಯೂಟ್ ಆಗಿದೆ, ಯಾವುದನ್ನು ತಗ್ಗಿಸಲಾಗಿದೆ, ತಾಳ ಎಷ್ಟಕ್ಕಿದೆ ಎಲ್ಲವೂ ಕಾಣುತ್ತದೆ. ಮ್ಯೂಟ್ ಮಾಡಲೇಬೇಡಿ ಎಂದು ಹೇಳುತ್ತಿಲ್ಲ. ಮಾಡಿದರೆ ಏಕೆಂದು ಪಾಠಯೋಜನೆಯ ಕೊನೆಯಲ್ಲಿ ಎರಡು ಸಾಲು ಬರೆಯಿರಿ, ಆ ಮಗುವಿಗೆ ಮುಂದೆ ಏನು ಕೊಟ್ಟಿರಿ ಎಂದೂ ಬರೆಯಿರಿ. ಕಡತ ದೊಡ್ಡದಾಗುತ್ತದೆ ಎಂಬ ಆಕ್ಷೇಪ ಬಂದಿದೆ. ಸಿ.ಡಿ. ಗುಣಮಟ್ಟದ ಒಂದು ಮೋನೊ ಟ್ರ್ಯಾಕ್ ನಿಮಿಷಕ್ಕೆ ಸುಮಾರು 5 ಎಂಬಿ, ಪ್ರಾಜೆಕ್ಟ್ ಕಡತದಲ್ಲಿ ಅದರ ಎರಡರಷ್ಟಾದೀತು. ಆರು ಮಕ್ಕಳು ಎರಡು ನಿಮಿಷ ಹಾಡಿದರೂ ಪೆನ್‌ಡ್ರೈವಿಗೆ ಭಾರವಲ್ಲ.

ಆ ಪ್ರಶಿಕ್ಷಣಾರ್ಥಿ ಮುಂದಿನ ಪಾಠದ ದಿನ ಲ್ಯಾಪ್‌ಟಾಪನ್ನೇ ತರಗತಿಗೆ ತಂದರು. ನಾನು ಹೇಳಿರಲಿಲ್ಲ. ಹುಡುಗರಿಬ್ಬರನ್ನೂ ಕರೆದು ಶ್ರುತಿ ಇಳಿಸಿ, ಏಳರ ತಾಳಕ್ಕೆ ಮತ್ತೆ ಹಾಡಿಸಿದರು. ಆ ಹುಡುಗ ಮೊದಲು ಹೆಡ್‌ಫೋನಿನಲ್ಲಿ ತನ್ನ ಟ್ರ್ಯಾಕನ್ನು ಮಾತ್ರ ಕೇಳಿದ, ಆಮೇಲೆ ಎಲ್ಲರದನ್ನೂ. "ನಂದು ಸ್ವಲ್ಪ ಲೇಟು ಮಿಸ್" ಎಂದು ಅವನೇ ಹೇಳಿದ. ಅದರಲ್ಲಿ ಸ್ವಲ್ಪ ಯಂತ್ರದ ತಪ್ಪೂ ಇತ್ತು, ಒಂದು ಟ್ರ್ಯಾಕ್ ಕೇಳುತ್ತಾ ಇನ್ನೊಂದನ್ನು ಮುದ್ರಿಸುವಾಗ ಕಂಪ್ಯೂಟರು ಕ್ಷಣದ ಅಂಶವಷ್ಟು ತಡಮಾಡುತ್ತದೆ. ಆಕೆ ಅದನ್ನು ವಿವರಿಸಿ, ಟ್ರ್ಯಾಕನ್ನು ಎಡಕ್ಕೆ ಸರಿಸುವುದು ಹೇಗೆಂದು ತೋರಿಸಿ, ಮೌಸನ್ನು ಅವನ ಕೈಗೇ ಕೊಟ್ಟರು. ಆ ದಿನದ ಪಾಠದ ವೀಕ್ಷಣೆ ನನ್ನ ಪಾಳಿಯಲ್ಲಿರಲಿಲ್ಲ, ಬಾಗಿಲ ಹತ್ತಿರ ನಿಂತು ನೋಡಿದ್ದು. ಅದಕ್ಕೆ ಅಂಕ ಕೊಡುವ ಅವಕಾಶ ನನಗಿರಲಿಲ್ಲ.