ನಾಲ್ಕು ಹೆಸರು ಬರೆಯೋ ಕೈ ಯಾರದು?

ಚುನಾವಣೆ ಬಂತು ಅಂದ್ರೆ ನಮ್ಮ ಕೇರಿಗೆ ಲಾರಿ ಬರ್ತದೆ. ಬೇರೆ ದಿನ ಅದೇ ಲಾರಿಯಲ್ಲಿ ಗೊಬ್ಬರ ಬರ್ತದೆ, ಕಬ್ಬು ಹೋಗ್ತದೆ. ಸಮಾವೇಶದ ದಿನ ನಾವು ಹೋಗ್ತೀವಿ. ತಲೆ ಎಣಿಸೋದಕ್ಕೆ ಒಬ್ಬ, ಬಾವುಟದ ಕೋಲು ಕೊಡೋದಕ್ಕೆ ಒಬ್ಬ, ಊಟದ ಪೊಟ್ಟಣ ಹಂಚೋದಕ್ಕೆ ಒಬ್ಬ. ವೇದಿಕೆ ಮೇಲೆ ಬಾಬಾಸಾಹೇಬರ ಫೋಟೋ, ಅದಕ್ಕೊಂದು ಹಾರ. ಆ ಫೋಟೋ ಪಕ್ಕದ ಸೋಫಾದಲ್ಲಿ ಕೂತವರು ಯಾರು? ಕೆಳಗೆ ಬಿಸಿಲಲ್ಲಿ ಕೂತವರು ಯಾರು? ಇದಕ್ಕೆ ಉತ್ತರ ಹೇಳೋದಕ್ಕೆ ನನ್ನ ಹಾಗೆ ಬಿ.ಎ. ಓದಬೇಕಾಗಿಲ್ಲ. ಲಾರಿ ಹತ್ತಿ ಇಳಿದವರಿಗೆಲ್ಲ ಗೊತ್ತು.

'ತಳಮಟ್ಟದ ಕಾರ್ಯಕರ್ತನೇ ಪಕ್ಷದ ಬೆನ್ನೆಲುಬು' ಅಂತ ಎಲ್ಲ ಪಕ್ಷದವರೂ ಭಾಷಣ ಮಾಡ್ತಾರೆ. ನಿಜವೇ. ಬೆನ್ನೆಲುಬು ಯಾವತ್ತೂ ಹಿಂದೆ ಇರ್ತದೆ. ಭಾರ ಹೊರ್ತದೆ. ಅದಕ್ಕೆ ಬಾಯಿ ಇರೋದಿಲ್ಲ.

ನನ್ನ ದೊಡ್ಡಪ್ಪನ ಮಗ, ನಮ್ಮಣ್ಣ, ಒಂದು ಪಕ್ಷಕ್ಕೆ ಹದಿನೆಂಟು ವರ್ಷ ದುಡಿದ. ಯಾವ ಪಕ್ಷ ಅಂತ ಹೇಳೋದಿಲ್ಲ. ಹೇಳಿದರೆ ಮಿಕ್ಕ ಪಕ್ಷದವರು 'ನೋಡಿದಿರಾ, ನಾವು ಹಂಗಲ್ಲ' ಅಂತ ಎದ್ದು ನಿಲ್ತಾರೆ. ಗೋಡೆಗೆ ಸುಣ್ಣ ಬಳಿದು ಚಿಹ್ನೆ ಬರೆದವನು ಅವನು. ಬೆಳಗಿನ ಜಾವ ಎದ್ದು ಬೂತಿನಲ್ಲಿ ಏಜೆಂಟಾಗಿ ಕೂತವನು ಅವನು. ಮತದಾರರ ಪಟ್ಟಿ ಅವನಿಗೆ ಬಾಯಿಪಾಠ. ಯಾರು ಬೆಂಗಳೂರಿಗೆ ಗಾರೆ ಕೆಲಸಕ್ಕೆ ಹೋದರು, ಯಾರು ಸತ್ತರು, ಯಾವ ಸೊಸೆಯ ಹೆಸರು ಇನ್ನೂ ತವರೂರಿನ ಪಟ್ಟಿಯಲ್ಲಿದೆ, ಎಲ್ಲ ಹೇಳ್ತಾನೆ. ಪಕ್ಷದ ಕೆಲಸಕ್ಕೆ ಅವನು ಕೂಲಿ ಬಿಟ್ಟ ದಿನಗಳ ಲೆಕ್ಕ ಅತ್ತಿಗೆ ಹತ್ತಿರ ಇದೆ. ಪಕ್ಷದ ಹತ್ತಿರ ಇಲ್ಲ.

2016ರಲ್ಲಿ ತಾಲ್ಲೂಕು ಪಂಚಾಯ್ತಿ ಚುನಾವಣೆ ಬಂತು. ನಮ್ಮ ಕ್ಷೇತ್ರ ಪರಿಶಿಷ್ಟ ಜಾತಿಗೆ ಮೀಸಲಾಯ್ತು. ಅಣ್ಣ ಇಸ್ತ್ರಿ ಮಾಡಿಸಿದ ಅಂಗಿ ಹಾಕ್ಕೊಂಡು ಟಿಕೆಟ್ ಕೇಳೋದಕ್ಕೆ ಹೊರಟ. ಜೊತೆಯಲ್ಲಿ ನಾನೂ ಹೋದೆ. ಆಗ ನಾನು ಪಿಯುಸಿ ಹುಡುಗ. ಮುಖಂಡರ ಮನೆ ಜಗುಲಿಯಲ್ಲಿ ಎರಡು ಗಂಟೆ ನಿಂತೆವು. ಕುರ್ಚಿ ಇತ್ತು. ಕೂತ್ಕೊಳ್ಳಿ ಅಂತ ಯಾರೂ ಅನ್ನಲಿಲ್ಲ, ಅಣ್ಣನೂ ಕೂರಲಿಲ್ಲ. ಒಳಗೆ ಕೂತಿದ್ದವರಿಗೆ ಸ್ಟೀಲ್ ಲೋಟದಲ್ಲಿ ಕಾಫಿ ಹೋಯ್ತು. ನಮಗೆ ಪ್ಲಾಸ್ಟಿಕ್ ಲೋಟದಲ್ಲಿ ಬಂತು. ಕೊನೆಗೆ ಮುಖಂಡರು ಆಚೆ ಬಂದು ಅಣ್ಣನ ಹೆಗಲ ಮೇಲೆ ಕೈ ಹಾಕಿದರು.

'ನೀನು ನಮ್ಮ ಮನೆ ಹುಡುಗ ಕಣಯ್ಯಾ. ನೀನೇ ನಿಂತ್ಬಿಟ್ರೆ ಬೂತ್ ನೋಡ್ಕೊಳ್ಳೋರು ಯಾರು? ಮುಂದಿನ ಸಲ ನೋಡಾಣ.'

'ಆಯ್ತಣ್ಣಾ' ಅಂದ ನಮ್ಮಣ್ಣ. ಅವನ ಅಪ್ಪ ಅದೇ ಜಗುಲಿ ಕೆಳಗೆ ನಿಂತು 'ಆಯ್ತು ಬುದ್ಧೀ' ಅಂದಿದ್ದ. ಬುದ್ಧಿ ಹೋಗಿ ಅಣ್ಣ ಬಂತು. ನಿಂತ ಜಾಗ ಎರಡು ಮೆಟ್ಟಿಲು ಮೇಲಾಯ್ತು. ಸಮಾಜವಾದ ಬಂದದ್ದು ಅಷ್ಟೇ.

ಟಿಕೆಟ್ ಸಿಕ್ಕಿದ್ದು ಯಾರಿಗೆ? ಮುಖಂಡರ ತೋಟ ನೋಡ್ಕೊಳ್ತಿದ್ದ ಇನ್ನೊಂದು ಕೇರಿಯ ಆಳಿಗೆ. ಅವನು ಪಕ್ಷದ ಸಭೆಗೆ ಒಂದು ದಿನ ಬಂದವನಲ್ಲ. ಅವನೂ ನಮ್ಮವನೇ, ಜಾತಿ ಸರ್ಟಿಫಿಕೇಟು ಇಬ್ಬರದೂ ಒಂದೇ. ಅವನನ್ನು ಬೈಯೋದಕ್ಕೆ ನನಗೆ ಮನಸ್ಸಿಲ್ಲ. ಅವನ ಹೆಂಡತಿ ಮಕ್ಕಳು ಆ ತೋಟದ ಕೂಲಿಯನ್ನೇ ನಂಬಿದವರು. ಎದುರು ಮಾತಾಡೋ ಹಾಗಿಲ್ಲ. ಎದುರು ಮಾತಾಡೋ ಹಾಗಿಲ್ಲದ ದಲಿತನನ್ನು ಹುಡುಕಿ ಹುಡುಕಿ ಮೀಸಲು ಸೀಟಿಗೆ ನಿಲ್ಲಿಸೋದೇ ಇವರ ಸಾಮಾಜಿಕ ನ್ಯಾಯ.

ಆ 'ಮುಂದಿನ ಸಲ' ಏನಾಯ್ತು ಕೇಳಿ. 2021ರಲ್ಲಿ ರಾಜ್ಯದ ತಾಲ್ಲೂಕು ಪಂಚಾಯ್ತಿ, ಜಿಲ್ಲಾ ಪಂಚಾಯ್ತಿಗಳ ಅವಧಿ ಮುಗೀತು. ಕ್ಷೇತ್ರ ವಿಂಗಡಣೆ ಅಂದರು, ಮೀಸಲಾತಿ ಪಟ್ಟಿ ಅಂದರು, ಕೋರ್ಟು ಅಂದರು. ವರ್ಷದ ಮೇಲೆ ವರ್ಷ ಮುಂದೂಡಿದರು. ಮೊದಲು ಒಂದು ಪಕ್ಷದ ಸರ್ಕಾರ ಮುಂದೂಡಿತು, 2023ರಲ್ಲಿ ಇನ್ನೊಂದು ಪಕ್ಷದ ಸರ್ಕಾರ ಬಂದು ಅದೂ ಮುಂದೂಡಿತು. ಬಡವನಿಗೆ ಹತ್ತಿರದ ಮೆಟ್ಟಿಲೇ ಅದು. ಆ ಮೆಟ್ಟಿಲನ್ನೇ ಕಿತ್ತಿಟ್ಟುಕೊಂಡು 'ಕೆಳಗಿನಿಂದ ಹತ್ತಿ ಬಾ' ಅಂತ ಉಪದೇಶ ಮಾಡ್ತಾರೆ.

ಗ್ರಾಮ ಪಂಚಾಯ್ತಿ ಇದೆಯಲ್ಲ ಅಂತೀರಾ? ಅಲ್ಲಿ ಪಕ್ಷದ ಚಿಹ್ನೆ ಇಲ್ಲ, ಕಾನೂನೇ ಬೇಡ ಅನ್ನುತ್ತೆ. ನಮ್ಮ ಹೆಣ್ಣುಮಗಳೊಬ್ಬಳು ಕೇರಿಯ ಓಟಿನಿಂದ ಗೆದ್ದು ಬಂದರೆ ಮಾರನೇ ದಿನ ಶಾಸಕರ ಮನೆಯಲ್ಲಿ ಶಾಲು ಹೊದಿಸಿ 'ನಮ್ಮ ಬೆಂಬಲಿತರು' ಅಂತ ಫೋಟೋ ತೆಗೀತಾರೆ. ಗೆಲ್ಲೋ ತನಕ ಪಕ್ಷ ಇಲ್ಲ, ಗೆದ್ದ ಮೇಲೆ ಪಕ್ಷ ಉಂಟು.

ಈಗ ಒಂದು ಹಳೆಯ ಕಾಗದ ತೆಗೆಯೋಣ. ಪೂನಾ ಒಪ್ಪಂದ, 1932ರ ಸೆಪ್ಟೆಂಬರ್ 24. ಬ್ರಿಟಿಷ್ ಸರ್ಕಾರ ಅಸ್ಪೃಶ್ಯರಿಗೆ ಪ್ರತ್ಯೇಕ ಮತಕ್ಷೇತ್ರ ಕೊಟ್ಟಿತ್ತು. ಅದರ ವಿರುದ್ಧ ಗಾಂಧೀಜಿ ಯರವಾಡ ಜೈಲಿನಲ್ಲಿ ಉಪವಾಸ ಕೂತರು. ಒಬ್ಬ ಮನುಷ್ಯನ ಪ್ರಾಣದ ಭಾರವನ್ನು ಕೋಟ್ಯಂತರ ಜನರ ಕೊರಳಿಗೆ ಕಟ್ಟಿದರು. ಬಾಬಾಸಾಹೇಬರು ಪ್ರತ್ಯೇಕ ಮತಕ್ಷೇತ್ರ ಬಿಟ್ಟುಕೊಡಬೇಕಾಯ್ತು. ಬದಲಿಗೆ ಪ್ರಾಂತೀಯ ಶಾಸನಸಭೆಗಳಲ್ಲಿ 71 ಇದ್ದ ಮೀಸಲು ಸ್ಥಾನ 148 ಆಯ್ತು. ಇಷ್ಟು ನಮ್ಮ ಸಭೆಗಳಲ್ಲಿ ಎಲ್ಲರೂ ಹೇಳ್ತಾರೆ.

ಆದರೆ ಅದೇ ಕಾಗದದಲ್ಲಿ ಇನ್ನೊಂದು ಮಾತಿತ್ತು. ಪ್ರತಿ ಮೀಸಲು ಸ್ಥಾನಕ್ಕೆ ಮೊದಲು ನಮ್ಮ ಮತದಾರರು ಮಾತ್ರ ಸೇರಿ ಓಟು ಹಾಕಿ ನಾಲ್ಕು ಹೆಸರು ಆರಿಸಬೇಕು. ಆ ನಾಲ್ವರೇ ಆಮೇಲೆ ಎಲ್ಲರ ಮುಂದೆ ಚುನಾವಣೆಗೆ ನಿಲ್ಲಬೇಕು. ಅಂದರೆ ಕೊನೆಯ ಮಾತು ಊರಿನದಾದರೂ ಮೊದಲ ಮಾತು ಕೇರಿಯದು. ಇದಕ್ಕೆ ಹತ್ತು ವರ್ಷದ ಗಡುವು ಹಾಕಿದ್ದರು. ಮುಂದೆ ಸಂವಿಧಾನ ಬಂದಾಗ ಮೀಸಲು ಸ್ಥಾನ ಉಳೀತು, ಕೇರಿಯ ಆ ಮೊದಲ ಮಾತು ಉಳೀಲಿಲ್ಲ.

ಅದು ಹೋದ ಮೇಲೆ ಏನಾಯ್ತು? 1952ರ ಮೊದಲ ಲೋಕಸಭಾ ಚುನಾವಣೆ. ಬಾಂಬೆ ಉತ್ತರ ಕ್ಷೇತ್ರದ ಮೀಸಲು ಸ್ಥಾನಕ್ಕೆ ಬಾಬಾಸಾಹೇಬರು ನಿಂತರು. ಕಾಂಗ್ರೆಸ್ಸಿನ ನಾರಾಯಣ ಕಾಜ್ರೋಳ್ಕರ್ ಎದುರು ಸೋತರು. 1954ರಲ್ಲಿ ಭಂಡಾರಾದಲ್ಲಿ ಮತ್ತೆ ಸೋತರು. ಸಂವಿಧಾನ ಬರೆದ ಕೈಯನ್ನೇ ಮೀಸಲು ಸೀಟಿನಲ್ಲಿ ಸೋಲಿಸೋ ವ್ಯವಸ್ಥೆ ಇದು. ಇನ್ನು ನಮ್ಮಣ್ಣ ಯಾವ ಲೆಕ್ಕ?

ಪೂನಾ ಒಪ್ಪಂದಕ್ಕೆ ಐವತ್ತು ವರ್ಷ ತುಂಬಿದ 1982ರಲ್ಲಿ ಕಾನ್ಶಿರಾಂ ಈ ಕಾಲಕ್ಕೆ ಚಮಚಾ ಯುಗ ಅಂತಲೇ ಹೆಸರಿಟ್ಟು ಪುಸ್ತಕ ಬರೆದರು. ನಮ್ಮ ಹುಡುಗರು ಆ ಬೈಗುಳ ಕಲಿತರು, ಒಬ್ಬರನ್ನೊಬ್ಬರು ಚಮಚಾ ಅಂತ ಬೈಕೊಂಡು ತಿರುಗ್ತಾರೆ. ಚಮಚವನ್ನು ಬೈದರೆ ಸಾಕೇ? ಹಿಡಿದ ಕೈ ಎಲ್ಲಿದೆ ಅಂತ ನೋಡೋದು ಬೇಡವೇ?

ಆ ಕೈ ಬಿ ಫಾರಂನಲ್ಲಿದೆ. ನಮ್ಮ ವಿಧಾನಸಭೆಯ 224 ಸ್ಥಾನಗಳಲ್ಲಿ 36 ಪರಿಶಿಷ್ಟ ಜಾತಿಗೆ, 15 ಪರಿಶಿಷ್ಟ ಪಂಗಡಕ್ಕೆ ಮೀಸಲು. ಈ 51 ಸೀಟಿಗೆ ಯಾರು ಅಂತ ಬರೆಯೋದು ಪಕ್ಷ ಅಧಿಕಾರ ಕೊಟ್ಟ ಒಬ್ಬರ ರುಜು. ನಾಮಪತ್ರ ಹಾಕೋ ಕೊನೇ ದಿನ ಮಧ್ಯಾಹ್ನ 3 ಗಂಟೆಯೊಳಗೆ ಆ ಕಾಗದ ಚುನಾವಣಾಧಿಕಾರಿ ಕೈ ಸೇರಬೇಕು. ಮೂರು ಗಂಟೆಗೆ ಐದು ನಿಮಿಷ ಇರೋವಾಗ ಹೆಸರು ಬದಲಾದರೂ ಕೇಳೋರಿಲ್ಲ. ಆ ರುಜುವಿನ ಹಿಂದೆ ಸರ್ವೆ ಇರ್ತದೆ, ಗಣಿ ಇರ್ತದೆ, ಕಾಲೇಜು ಇರ್ತದೆ, ಮಠ ಇರ್ತದೆ, ದೆಹಲಿ ಇರ್ತದೆ. ಕೇರಿ ಇರೋದಿಲ್ಲ.

ಗೆದ್ದ ಮೇಲಾದರೂ ನಮ್ಮ ಶಾಸಕ ನಮ್ಮ ಮಾತು ಕೇಳಬಹುದೇ? 1985ರ ಪಕ್ಷಾಂತರ ನಿಷೇಧ ಕಾನೂನಿನ ಪ್ರಕಾರ ಪಕ್ಷದ ವಿಪ್ ಮೀರಿ ಓಟು ಹಾಕಿದರೆ ಸದಸ್ಯತ್ವವೇ ಹೋಗ್ತದೆ. ಟಿಕೆಟ್ ಕೊಟ್ಟವರು ಮೇಲಿನವರು, ಬಾಯಿಗೆ ಬೀಗ ಹಾಕೋ ಕೀಲಿಯೂ ಅವರದೇ. 2013ರಲ್ಲಿ ಇದೇ ರಾಜ್ಯ ನಮ್ಮ ಜನಸಂಖ್ಯೆಗೆ ತಕ್ಕ ಹಣ ನಮಗೇ ಅಂತ ಉಪಯೋಜನೆ ಕಾಯ್ದೆ ಮಾಡಿತು. ಒಳ್ಳೇದು. ಅದರಲ್ಲೇ 7ಡಿ ಅಂತ ಒಂದು ಕಂಡಿ ಇಟ್ಟರು, ಎಲ್ಲರಿಗೂ ಹಾಕೋ ರಸ್ತೆಯ ಖರ್ಚನ್ನೂ ನಮ್ಮ ಲೆಕ್ಕಕ್ಕೆ ಬರೆದರು. ಹೋರಾಟ ಮಾಡಿ ಮಾಡಿ 2023ರಲ್ಲಿ 7ಡಿ ತೆಗೆಸಿದ್ದಾಯ್ತು. ಅದೇ ವರ್ಷದ ಬಜೆಟ್ಟಿನಲ್ಲಿ ಉಪಯೋಜನೆಯ 11 ಸಾವಿರ ಕೋಟಿಗೂ ಮಿಕ್ಕಿದ ಹಣ ಗ್ಯಾರಂಟಿಗಳಿಗೆ ಹೋಯ್ತು. 'ಗ್ಯಾರಂಟಿ ತಗೊಳ್ಳೋರಲ್ಲಿ ದಲಿತರೂ ಇದ್ದಾರಲ್ಲ' ಅಂತ ಸಮರ್ಥನೆ. ನಮ್ಮವ್ವನಿಗೆ ತಿಂಗಳಿಗೆ ಬರೋ ಎರಡು ಸಾವಿರ ಬೇಡ ಅಂತ ನಾನು ಅನ್ನೋದಿಲ್ಲ, ಅದು ಎಲ್ಲ ಅವ್ವಂದಿರಿಗೂ ಬರ್ತದೆ. ಎಲ್ಲರಿಗೂ ಕೊಡೋದನ್ನು ನಮ್ಮ ಪಾಲಿನಿಂದ ಯಾಕೆ ಕೊಡ್ತೀರಿ ಅನ್ನೋದು ನನ್ನ ಪ್ರಶ್ನೆ. ಮೀಸಲು ಸೀಟಿನ ಶಾಸಕರೇ, ಆ ದಿನ ನಿಮ್ಮ ಕುರ್ಚಿ ಕಿರುಗುಟ್ಟಿತೇ?

ಹಾಗಾದರೆ ನಮ್ಮದೇ ಪಕ್ಷ ಇದ್ದರೆ ಸಾಕೇ? ಕೊಳ್ಳೇಗಾಲ ನೋಡಿ. 2018ರಲ್ಲಿ ಎನ್. ಮಹೇಶ್ ಬಿಎಸ್‌ಪಿಯಿಂದ ಗೆದ್ದಾಗ ನಮ್ಮ ಹುಡುಗರು ಕುಣಿದರು, ಅತ್ತರು. ಅವರು ಸಚಿವರಾದರು. ಅದೇ ವರ್ಷ ಅಕ್ಟೋಬರಿನಲ್ಲಿ ರಾಜೀನಾಮೆ ಕೊಟ್ಟರು. 2019ರ ಜುಲೈನಲ್ಲಿ ವಿಶ್ವಾಸಮತದ ದಿನ ಸದನಕ್ಕೆ ಬರಲಿಲ್ಲ, ಪಕ್ಷ ಉಚ್ಚಾಟಿಸಿತು. 2021ರಲ್ಲಿ ಬಿಜೆಪಿ ಸೇರಿದರು. 2023ರಲ್ಲಿ ಅದೇ ಕೊಳ್ಳೇಗಾಲದಲ್ಲಿ ಸೋತರು. ಸರಿ ಯಾರದು ತಪ್ಪು ಯಾರದು ಅನ್ನೋ ಪಂಚಾಯ್ತಿ ನನಗೆ ಬೇಡ. ಈ ಪ್ರತಿ ತಿರುವಿನಲ್ಲೂ ಹಳ್ಳಿ ಹಳ್ಳಿ ಅಲೆದು ನೀಲಿ ಬಾವುಟ ಕಟ್ಟಿದ ಹುಡುಗರನ್ನು ಕೂರಿಸಿಕೊಂಡು 'ಏನು ಮಾಡೋಣ?' ಅಂತ ಯಾರು ಕೇಳಿದರು? ಬಾವುಟದ ಬಣ್ಣ ನೀಲಿಯಾದ ಮಾತ್ರಕ್ಕೆ ತೀರ್ಮಾನ ಕೆಳಗಿನಿಂದ ಬರೋದಿಲ್ಲ.

ನಮ್ಮ ಸಂಘಟನೆಯ ಹಿರಿಯರಿಗೂ ಒಂದು ಮಾತು. ಬೇಜಾರಾದರೂ ಕೇಳಿ. 1973ರಲ್ಲಿ ಬಸವಲಿಂಗಪ್ಪನವರು ಬೂಸಾ ಮಾತಿಗಾಗಿ ಮಂತ್ರಿಗಿರಿ ಕಳಕೊಂಡಾಗ ಬೀದಿಗಿಳಿದದ್ದು ಹಾಸ್ಟೆಲ್ಲಿನ ಹುಡುಗರು. ಆ ಏಟಿನಿಂದಲೇ ದಲಿತ ಸಂಘರ್ಷ ಸಮಿತಿಗೆ ಕಸುವು ಬಂತು. ಆಗ ಸಂಘಟನೆ ಅಂದರೆ ಊರ ಗೌಡ ಹೆದರ್ತಿದ್ದ, ತಹಶೀಲ್ದಾರ ಎದ್ದು ನಿಲ್ತಿದ್ದ. ಆಮೇಲೆ ಬಣ ಬಣವಾಯ್ತು. ಈಗ ಚುನಾವಣೆಗೆ ಹದಿನೈದು ದಿನ ಇರೋವಾಗ ಒಂದು ಬಣ ಒಂದು ಪಕ್ಷಕ್ಕೆ ಬೆಂಬಲ, ಇನ್ನೊಂದು ಬಣ ಇನ್ನೊಂದಕ್ಕೆ. ಪ್ರೆಸ್‌ಕ್ಲಬ್ಬಿನಲ್ಲಿ ಹೇಳಿಕೆ ಕೊಡೋ ಮುಂಚೆ ಯಾವ ಹಟ್ಟಿಯಲ್ಲಿ ಸಭೆ ಕರೆದಿರಿ? ನೀವೂ ಹೈಕಮಾಂಡ್ ಆದಿರಲ್ಲ! ಎಡ-ಬಲ ಅಂತ ಹಟ್ಟಿಗಳ ನಡುವೆ ಬೇಲಿ ಹಾಕಿಕೊಂಡದ್ದೂ ಪಕ್ಷಗಳಿಗೆ ಹಬ್ಬವಾಯ್ತು. ಒಳಮೀಸಲಾತಿ ನ್ಯಾಯ, 2024ರ ಆಗಸ್ಟ್ 1ರಂದು ಸುಪ್ರೀಂ ಕೋರ್ಟೇ ಹಾದಿ ಬಿಟ್ಟಿತು. ಪಾಲು ಹಂಚಿಕೊಳ್ಳೋಣ, ಬೇಲಿ ಕೀಳೋಣ.

'ನಮಗೆ ರಾಜಕೀಯವೇ ಬೇಡ' ಅನ್ನೋರ ಜೊತೆ ನಾನಿಲ್ಲ. ನಾವು ಬಿಟ್ಟರೂ ರಾಜಕೀಯ ನಮ್ಮನ್ನು ಬಿಡೋದಿಲ್ಲ. 2004ರಲ್ಲಿ ಸಂತೇಮರಹಳ್ಳಿ ಮೀಸಲು ಕ್ಷೇತ್ರದ ವಿಧಾನಸಭಾ ಸೀಟು ತೀರ್ಮಾನವಾದದ್ದು ಒಂದೇ ಒಂದು ಓಟಿನಿಂದ. ಒಂದು ಓಟಿಗೆ ಅಷ್ಟು ತೂಕ ಇದ್ದರೆ ಒಂದು ಕೇರಿಗೆ ಎಷ್ಟು? ಆ ತೂಕವನ್ನು ನಾವು ಚಿಲ್ಲರೆಗೆ ಮಾರ್ತಿದ್ದೇವೆ. ಲಾರಿಗೆ ಇಷ್ಟು, ತಲೆಗೆ ಇಷ್ಟು, ಬಾಟಲಿಗೆ ಇಷ್ಟು.

ಮಾಡಬೇಕಾದ್ದೇನು? ಕಾನೂನಿನಿಂದ ಹೋದ ನಾಲ್ಕು ಹೆಸರನ್ನು ಕೇರಿಯಿಂದ ವಾಪಸ್ಸು ತರಬೇಕು.

1. ಪ್ರತಿ ಮೀಸಲು ಕ್ಷೇತ್ರದಲ್ಲಿ, ಚುನಾವಣೆಗೆ ಒಂದು ವರ್ಷ ಮೊದಲೇ, ಎಡ-ಬಲ ಅನ್ನದೆ ಎಲ್ಲ ಹಟ್ಟಿಗಳ ಸಭೆ ಕರೆಯಬೇಕು. ಹೆಣ್ಣುಮಕ್ಕಳು ಕೂಲಿಯಿಂದ ಬಂದ ಮೇಲೆ, ರಾತ್ರಿ ಹೊತ್ತು ಕರೆಯಬೇಕು. ಹಗಲು ಕರೆದರೆ ಗಂಡಸರೇ ಬರ್ತಾರೆ.

2. ಚೀಟಿ ಬರೆದು ಡಬ್ಬಕ್ಕೆ ಹಾಕಿ ನಾಲ್ಕು ಹೆಸರು ಆರಿಸಬೇಕು. ಓದು ಬರದವರಿಗೆ ಗುರುತು ಇಡಬೇಕು. ಕೈ ಎತ್ತಿಸಬಾರದು. ಕೈ ಎತ್ತಿದರೆ ಧಣಿ ಕಡೆಯವನು ನೋಡ್ತಾನೆ.

3. ಆ ನಾಲ್ಕು ಹೆಸರನ್ನು ಎಲ್ಲ ಪಕ್ಷಗಳಿಗೂ ಕಳಿಸಬೇಕು. ಇವರಲ್ಲಿ ಒಬ್ಬರಿಗೆ ಬಿ ಫಾರಂ ಕೊಡಿ, ಕೊಡದಿದ್ದರೆ ನಿಮ್ಮ ಲಾರಿ ನಮ್ಮ ಕೇರಿಗೆ ಬರೋದು ಬೇಡ ಅಂತ ಬರೆಯಬೇಕು. ಯಾರೂ ಕೊಡದಿದ್ದರೆ ಒಬ್ಬರನ್ನು ನಾವೇ ನಿಲ್ಲಿಸಬೇಕು.

4. ಗೆದ್ದವರು ಆರು ತಿಂಗಳಿಗೊಮ್ಮೆ ಹಟ್ಟಿಗೆ ಬಂದು ನೆಲದ ಮೇಲೆ ಕೂತು ಲೆಕ್ಕ ಹೇಳಬೇಕು.

'ದುಡ್ಡೆಲ್ಲಿದೆ?' ಅಂತ ಕೇಳ್ತೀರಿ. ವಿಧಾನಸಭೆಗೆ ನಮ್ಮವರು ಕಟ್ಟಬೇಕಾದ ಠೇವಣಿ 5 ಸಾವಿರ. ಕಾನೂನು ಒಪ್ಪೋ ಖರ್ಚೇ 40 ಲಕ್ಷ, ಇವರು ಮಾಡೋದು ದೇವರಿಗೇ ಗೊತ್ತು. ಅಷ್ಟು ನಮ್ಮಿಂದಾಗೋದಿಲ್ಲ. ಆದರೆ ಅವರ 40 ಲಕ್ಷ ಹೋಗೋದೆಲ್ಲ ನಮ್ಮನ್ನು ಕೊಳ್ಳೋದಕ್ಕೇ ತಾನೇ? ಮಾರೋದನ್ನು ನಿಲ್ಲಿಸಿದರೆ ಅರ್ಧ ಖರ್ಚು ಉಳೀತು. ಮೊದಲ ಸಲ ಸೋಲ್ತೀವಿ. ಸೋಲೋದು ನಮಗೇನು ಹೊಸದೇ? ಇಷ್ಟು ದಿನ ಬೇರೆಯವರನ್ನು ಗೆಲ್ಲಿಸಿ ಸೋತೆವು, ಒಂದು ಸಲ ನಮಗೋಸ್ಕರ ಸೋಲೋಣ.

ಇದನ್ನೆಲ್ಲ ಮೊನ್ನೆ ರಾತ್ರಿ ಅಣ್ಣನಿಗೆ ಓದಿ ಹೇಳಿದೆ. ಬೀಡಿ ಹಚ್ಚಿಕೊಂಡು ಸುಮ್ಮನೆ ಕೇಳಿದ. ಆಮೇಲೆ, 'ಆ ನಾಕು ಹೆಸರ್ನಾಗೆ ನಂದೂ ಬರೀತೀಯೇನ್ಲಾ?' ಅಂದ.

'ನಾನು ಬರೆಯಂಗಿಲ್ಲ ಕಣಣ್ಣಾ. ಹಟ್ಟಿಯೋರು ಬರೀಬೇಕು' ಅಂದೆ.

ತುಂಬ ಹೊತ್ತು ಮಾತಾಡಲಿಲ್ಲ. ಬೀಡಿ ಆರಿಹೋಗಿತ್ತು. 'ಹಂಗಾದ್ರೆ ಭಯ ಆಯ್ತದೆ ಕಣ್ಲಾ' ಅಂದ. 'ಆ ಯಪ್ಪ ಆದ್ರೆ ಹೆಗಲ ಮೇಲೆ ಕೈ ಹಾಕಿ ಸುಮ್ಕಾಯ್ತಾನೆ. ಹಟ್ಟಿ ಹಂಗೆ ಬಿಡಾಕಿಲ್ಲ, ಲೆಕ್ಕ ಕೇಳ್ತದೆ.'

ಅಣ್ಣಂದಿರೇ, ಅಕ್ಕಂದಿರೇ, ನಮ್ಮ 36 ಶಾಸಕರಿಗೂ ಈ ಭಯ ಹುಟ್ಟಬೇಕು. ಹೈಕಮಾಂಡಿನ ಭಯ ಹೋಗಿ ಹಟ್ಟಿಯ ಭಯ ಬರಬೇಕು. ಈ ಪತ್ರಿಕೆ ಓದಿ ಮಡಚಿಡಬೇಡಿ. ಓದು ಬಾರದವರಿಗೆ ಓದಿ ಹೇಳಿ. ಮುಂದಿನ ಅಮಾವಾಸ್ಯೆ ರಾತ್ರಿ, ಯಾರೂ ಲಾರಿ ಕಳಿಸದೆ, ಯಾರೂ ಊಟ ಕೊಡದೆ, ನಿಮ್ಮ ಹಟ್ಟಿಯಲ್ಲಿ ನೀವೇ ಸೇರಿ. ಡಬ್ಬ ಒಂದು ಸಾಕು, ಚೀಟಿ ನಾಲ್ಕು ಸಾಕು.

ಜೈ ಭೀಮ್.