ಹೊಸಬರು ಓಡುತ್ತ ಬಂದರೆ ದಾರಿ ತೋರಿಸಿ

ಬೆಳಗಾವಿ ಮತ್ತು ಖಾನಾಪುರದ ಹಿರಿಯರಿಗೆ, ಅಕ್ಕತಂಗಿಯರಿಗೆ, ನಸುಕಿನಲ್ಲೇ ಹಾಲಿನ ಕ್ಯಾನು ಕಟ್ಟಿಕೊಂಡು ಹೊರಡುವ ಕಾಕಾಗಳಿಗೆ, ಮೈದಾನದ ಗೇಟಿನ ಕೀಲಿಕೈ ಯಾರ ಹತ್ತಿರ ಇದೆಯೋ ಅವರಿಗೂ ನಮಸ್ಕಾರ.

ನಾನು ಈ ಕಡೆಯವಳಲ್ಲ, ವಿಜಯಪುರದವಳು. ಬ್ಯಾಂಕಿನ ನೌಕರಿ. ನಮ್ಮ ಊರಿನ ಮಳೆ ಬಂದರೆ ಬಂತು, ಬಿಟ್ಟರೆ ಬಿಟ್ಟಿತು. ವರ್ಗಾವಣೆ ಮಾತ್ರ ತಪ್ಪದೆ ಬರುತ್ತದೆ. ಮೊದಲು ಬೆಳಗಾವಿಗೆ ಬಂದೆ, ಟಿಳಕವಾಡಿಯಲ್ಲಿ ಮನೆ ಹಿಡಿದೆವು. ಎರಡು ವರ್ಷ ಕಳೆದ ಮೇಲೆ ಖಾನಾಪುರಕ್ಕೆ ಹಾಕಿದರು. ದೂರ ನೋಡಿದರೆ ಬರೀ ಇಪ್ಪತ್ತಾರು ಕಿಲೋಮೀಟರ್. ಆದರೆ ಬೆಳಗಿನ ಹೊತ್ತು ಓಡುವವರಿಗೆ ಅದು ಇನ್ನೊಂದು ಸೀಮೆಯೇ.

ವಿಜಯಪುರದಲ್ಲಿ ಹನ್ನೊಂದು ವರ್ಷ ಓಡಿದವಳು ನಾನು. ದೊಡ್ಡ ಓಟಗಾರ್ತಿ ಏನಲ್ಲ. ಗೋಳಗುಮ್ಮಟದ ಮಗ್ಗುಲಿನಿಂದ ಹೊರಟು ಹಳೆ ಕೋಟೆಗೋಡೆ ಹಿಡಿದು ಐದಾರು ಕಿಲೋಮೀಟರ್ ಹೋಗಿ ಬರುವುದು, ಅಷ್ಟೇ. ಯಾವ ಮೂಲೆಯಲ್ಲಿ ಯಾವ ನಾಯಿ ಮಲಗಿರುತ್ತದೆ, ಎಲ್ಲಿ ಬೀದಿದೀಪ ಕೆಟ್ಟಿದೆ, ಯಾವ ಚಹದಂಗಡಿ ಐದಕ್ಕೇ ತೆರೆಯುತ್ತದೆ ಎಂಬುದೆಲ್ಲ ಕಾಲಿಗೇ ಗೊತ್ತಿತ್ತು, ತಲೆ ಇನ್ನೂ ನಿದ್ದೆಯಲ್ಲೇ ಇರುತ್ತಿತ್ತು. ಬೆಳಗಾವಿಗೆ ಬಂದವಳು ಐದು ತಿಂಗಳು ಒಂದು ಹೆಜ್ಜೆಯೂ ಓಡಲಿಲ್ಲ.

ಕೇಳಿದವರಿಗೆ ಹೇಳಲು ನೆಪಗಳು ಬೇಕಾದಷ್ಟಿದ್ದವು. ಸಾಮಾನು ಬಿಚ್ಚಿಲ್ಲ, ಗ್ಯಾಸ್ ಕನೆಕ್ಷನ್ ಆಗಿಲ್ಲ, ಮಗನ ಶಾಲೆ ಸುರುವಾಗಲಿ, ಮಳೆ ನಿಲ್ಲಲಿ. ‘ಒಮ್ಮೆ ಎಲ್ಲಾ ಸೆಟ್ ಆಗಲಿ’ ಎಂಬ ಮಾತಿದೆಯಲ್ಲ, ಅದರಷ್ಟು ಮೋಸದ ಮಾತು ಇನ್ನೊಂದಿಲ್ಲ. ಓಡುವ ಬೂಟು ಲಾರಿಯಲ್ಲಿ ಬಂದ ಹದಿನಾಲ್ಕನೇ ಡಬ್ಬಿಯ ತಳದಲ್ಲಿತ್ತು. ಆ ಡಬ್ಬಿ ಬಿಚ್ಚಿದ್ದು ದೀಪಾವಳಿಗೆ.

ಆಗೆಲ್ಲ ನನ್ನ ಸೋಮಾರಿತನವನ್ನೇ ಬೈದುಕೊಳ್ಳುತ್ತಿದ್ದೆ. ಅದಷ್ಟೇ ಅಲ್ಲ ಎಂದು ತಿಳಿದದ್ದು ಆಮೇಲೆ. ಅಮೆರಿಕದ ಮನಶ್ಶಾಸ್ತ್ರಜ್ಞೆ ವೆಂಡಿ ವುಡ್ ಮತ್ತು ಅವರ ಸಂಗಡಿಗರು ಒಂದು ವಿಶ್ವವಿದ್ಯಾಲಯ ಬಿಟ್ಟು ಇನ್ನೊಂದಕ್ಕೆ ಸೇರಿದ ವಿದ್ಯಾರ್ಥಿಗಳ ವ್ಯಾಯಾಮ, ಪತ್ರಿಕೆ ಓದು, ಟಿವಿ ನೋಡುವ ರೂಢಿಗಳನ್ನು ಗಮನಿಸಿ 2005ರಲ್ಲಿ ಬರೆದರು. ಹೊಸ ಜಾಗದಲ್ಲೂ ಸುತ್ತಲಿನ ಸನ್ನಿವೇಶ ಹಳೆಯದರಂತೆಯೇ ಇದ್ದವರಲ್ಲಿ ರೂಢಿ ಉಳಿಯಿತು, ಸನ್ನಿವೇಶ ಬದಲಾದವರಲ್ಲಿ ಕಡಿಯಿತು. ಅಂದರೆ ರೂಢಿಯ ಅರ್ಧ ನಮ್ಮೊಳಗಿದ್ದರೆ ಇನ್ನರ್ಧ ನಾವು ಬಿಟ್ಟುಬಂದ ರಸ್ತೆಯಲ್ಲಿ, ಆ ಚಹದಂಗಡಿಯಲ್ಲಿ, ಆ ಮುದಿ ನಾಯಿಯಲ್ಲಿ ಇರುತ್ತದೆ. ಅದನ್ನು ಲಾರಿಗೆ ಹೇರಿಕೊಂಡು ಬರಲು ಆಗುವುದಿಲ್ಲ.

ದೇಹವಂತೂ ಕಾಯುವುದಿಲ್ಲ. ಪಳಗಿದ ಓಟಗಾರರು, ಸೈಕಲ್ ಪಟುಗಳು ಅಭ್ಯಾಸ ನಿಲ್ಲಿಸಿದರೆ ಏನಾಗುತ್ತದೆ ಎಂದು ಎಡ್ವರ್ಡ್ ಕಾಯ್ಲ್ ಎಂಬ ಸಂಶೋಧಕರು 1984ರಲ್ಲಿ ಅಳೆದಿದ್ದರು. ಮೈ ಆಮ್ಲಜನಕ ಬಳಸುವ ಗರಿಷ್ಠ ಶಕ್ತಿ ಮೂರು ವಾರದೊಳಗೆ ಸುಮಾರು ಶೇ 7ರಷ್ಟು, ಎಂಟು ವಾರಕ್ಕೆ ಸುಮಾರು ಶೇ 16ರಷ್ಟು ಇಳಿದಿತ್ತು. ನಾನು ಐದು ತಿಂಗಳು ಕುಳಿತವಳು. ಲೆಕ್ಕ ಹಾಕಲು ಹೋಗಲಿಲ್ಲ.

ಮತ್ತೆ ಸುರುವಾದದ್ದು ಹೇಗೆ ಎಂದು ಹೇಳಬೇಕು, ಯಾಕೆಂದರೆ ನನ್ನ ಮನವಿ ಇರುವುದೇ ಅಲ್ಲಿ. ಒಂದು ಮುಂಜಾನೆ ಎರಡನೇ ರೈಲ್ವೆ ಗೇಟ್ ಹತ್ತಿರ ಹಾಲು ತರಲು ನಿಂತಿದ್ದೆ. ಗೇಟು ಬಿದ್ದಿತ್ತು. ಪಕ್ಕದಲ್ಲಿ ನನ್ನಷ್ಟೇ ವಯಸ್ಸಿನ ಒಬ್ಬರು ಬೂಟು ಹಾಕಿಕೊಂಡು ನಿಂತಲ್ಲೇ ಕುಣಿಯುವ ಹಾಗೆ ಕಾಲಾಡಿಸುತ್ತಿದ್ದರು. ನನ್ನ ಕಣ್ಣು ಅವರ ಕಾಲ ಮೇಲೇ ಇತ್ತೆಂದು ಕಾಣುತ್ತದೆ. “ನೀವೂ ಓಡತೀರೇನ್ರಿ?” ಎಂದರು. “ಓಡತಿದ್ದೆ ರೀ, ಈಗ ಬಿಟ್ಟೈತಿ” ಎಂದೆ. “ನಾಳಿ ಇಲ್ಲೇ ಬರ್ರಿ, ಐದೂವರಿಗೆ. ನಮ್ಮ ಕೂಡ ಹೋಗೂಣು.” ಗೇಟು ಎದ್ದಿತು, ಅವರು ಓಡಿಹೋದರು. ಹೆಸರೂ ಕೇಳಿರಲಿಲ್ಲ.

ಆ ಅಕ್ಕ ನನಗೆ ಒಂದು ವಾರದಲ್ಲಿ ಬೆಳಗಾವಿ ಕೊಟ್ಟರು. 1924ರಲ್ಲಿ ಗಾಂಧೀಜಿ ಅಧ್ಯಕ್ಷತೆ ವಹಿಸಿದ ಅಧಿವೇಶನದಿಂದ ಹೆಸರು ಪಡೆದ ಕಾಂಗ್ರೆಸ್ ರಸ್ತೆಯಲ್ಲಿ ಯಾವ ಬದಿ ಓಡಬೇಕು. ಒಂದು ಕಾಲಕ್ಕೆ ಸಿಡುಬಿನ ಲಸಿಕೆ ತಯಾರಾಗುತ್ತಿದ್ದ ವ್ಯಾಕ್ಸಿನ್ ಡಿಪೋದ ಮರಗಳ ಕೆಳಗೆ ಯಾವಾಗ ಕ್ರಿಕೆಟ್ ಚೆಂಡಿನ ಕಾಟ ಇರುವುದಿಲ್ಲ. ಕ್ಯಾಂಪಿನ ರಸ್ತೆಗಳು ಯಾಕೆ ಒಳ್ಳೆಯವು, ಅಲ್ಲಿ ಎಲ್ಲಿಂದ ಮುಂದೆ ಹೋಗಬಾರದು. ಭಾನುವಾರ ಜಾಸ್ತಿ ಓಡಬೇಕೆಂದರೆ ಕೋಟೆಯ ಕಂದಕ ಬಳಸಿ ಕೋಟೆ ಕೆರೆಯ ದಂಡೆಗೆ ಹೇಗೆ ಇಳಿಯಬೇಕು. ಯಾವ ಗಲ್ಲಿಯ ನಾಯಿ ಬರೀ ಬೊಗಳುತ್ತದೆ, ಯಾವುದು ಕಚ್ಚುತ್ತದೆ ಎಂಬುದೂ ಆ ಪಾಠದಲ್ಲಿತ್ತು. ಇದು ಯಾವ ಮೊಬೈಲ್ ನಕ್ಷೆಯಲ್ಲೂ ಇಲ್ಲ. 2022ರ ಆಗಸ್ಟಿನಲ್ಲಿ ಗಾಲ್ಫ್ ಮೈದಾನಕ್ಕೆ ಚಿರತೆ ಹೊಕ್ಕು, ಸುತ್ತಲಿನ ಶಾಲೆಗಳಿಗೆ ರಜೆ ಕೊಟ್ಟು, ಸಕ್ರೆಬೈಲಿನಿಂದ ಆನೆ ತರಿಸಿ ಹುಡುಕಿದ ಕಥೆಯನ್ನು ಅವರು ಓಡುತ್ತಲೇ ಹೇಳಿದರು. “ಸಿಕ್ಕತೇನ್ರಿ?” ಎಂದು ಕೇಳಿದೆ. “ಎಲ್ಲೀದು! ಅದೂ ನಮ್ಮಂಗ ಮುಂಜಾನೆದ್ದು ಓಡಿಹೋತು” ಎಂದರು. ನಗುತ್ತ ಓಡಿದರೆ ಪಕ್ಕೆ ಹಿಡಿಯುತ್ತದೆ ಎಂದು ಅಂದು ತಿಳಿಯಿತು.

ಅವರ ಗುಂಪಿನಲ್ಲಿ ಸುತ್ತು ಎಣಿಸುವಾಗ ಒಬ್ಬರು ‘ಮೂರು’ ಎನ್ನುತ್ತಿದ್ದರು, ಇನ್ನೊಬ್ಬರು ‘ತೀನ್’. ಎಣಿಕೆ ಎಂದೂ ತಪ್ಪಲಿಲ್ಲ.

ಓಟ ಎಂಬುದು ಬೆಂಗಳೂರಿನವರ ಶೋಕಿ, ನಮ್ಮ ಕಡೆಯದಲ್ಲ ಎನ್ನುವವರಿದ್ದಾರೆ. ಅವರಿಗೆ ಬೆಳಗಾವಿಯ ಒಬ್ಬರ ಹೆಸರು ನೆನಪಿಸುತ್ತೇನೆ. ಫಡೆಪ್ಪ ದರೆಪ್ಪ ಚೌಗುಲೆ. 1920ರ ಆಂಟ್‌ವರ್ಪ್ ಒಲಿಂಪಿಕ್ಸಿಗೆ ದೊರಾಬ್ಜಿ ಟಾಟಾ ಅವರ ಮುತುವರ್ಜಿಯಿಂದ ಭಾರತದ ಆರು ಜನ ಹೋದರು, ನಾಲ್ವರು ಅಥ್ಲೀಟುಗಳು, ಇಬ್ಬರು ಕುಸ್ತಿ ಪೈಲವಾನರು. ಆ ಆರರಲ್ಲಿ ಚೌಗುಲೆ ಒಬ್ಬರು. ಆ ವರ್ಷದ ಮ್ಯಾರಥಾನ್ 42.75 ಕಿ.ಮೀ., ಒಲಿಂಪಿಕ್ಸ್ ಇತಿಹಾಸದಲ್ಲೇ ಅತಿ ಉದ್ದದ್ದು. ಬೆಳಗಾವಿಯ ಈ ಹುಡುಗ ಅದನ್ನು 2 ಗಂಟೆ 50 ನಿಮಿಷ ಚಿಲ್ಲರೆಯಲ್ಲಿ ಓಡಿ ಹತ್ತೊಂಬತ್ತನೆಯವನಾದ. ಹಡಗು ಹತ್ತಿ ಹೋದ ಊರು, ತಿಳಿಯದ ಭಾಷೆ, ಬೇರೆ ಹವೆ, ಬೇರೆ ಊಟ. ಅಂಥಲ್ಲಿ ಹೋಗಿ ಕಾಲು ಮರೆಯದೆ ಓಡಿದವರ ಊರಿನಲ್ಲಿ, ಪಕ್ಕದ ಜಿಲ್ಲೆಯಿಂದ ಬಂದ ನಾನು ಗ್ಯಾಸ್ ಸಿಲಿಂಡರಿನ ನೆಪ ಹೇಳುತ್ತ ಕುಳಿತಿದ್ದೆ. ನಮ್ಮ ಶಾಲೆಗಳಲ್ಲಿ ಎಷ್ಟು ಮಕ್ಕಳಿಗೆ ಈ ಹೆಸರು ಗೊತ್ತು? ಕ್ರೀಡಾದಿನದಂದು ಮೈಕಿನಲ್ಲಿ ಒಮ್ಮೆಯಾದರೂ ಹೇಳಿ, ಗುರುಗಳೇ.

ಇನ್ನು ಖಾನಾಪುರ. ಇಲ್ಲಿಗೆ ಬಂದಾಗ ಬೂಟನ್ನು ಬೇರೆ ಡಬ್ಬಿಗೆ ಹಾಕಲಿಲ್ಲ, ಕೈಚೀಲದಲ್ಲಿಟ್ಟುಕೊಂಡೆ. ಅಷ್ಟು ಬುದ್ಧಿ ಬಂದಿತ್ತು. ಮೊದಲ ಮುಂಜಾನೆಯೇ ಹೊರಟೆ. ನೂರು ಹೆಜ್ಜೆ ಹೋಗಿಲ್ಲ, ಸ್ಕೂಟರ್ ನಿಲ್ಲಿಸಿ ಒಬ್ಬರು, “ಯಾಕ್ರೀ ಅಕ್ಕಾರ, ದವಾಖಾನಿಗೆ ಹೊಂಟೀರೇನು? ಕೂಡ್ರಿ, ಬಿಡತೀನಿ” ಎಂದರು. ಇನ್ನೂ ಸ್ವಲ್ಪ ಮುಂದೆ ಅಂಗಳ ಗುಡಿಸುತ್ತಿದ್ದ ಅಜ್ಜಿ ಪೊರಕೆ ಎತ್ತಿ ಹಿಡಿದು, “ಕಾಯ ಝಾಲಂ ಗ ತಾಯಿ?” ಎಂದು ನನ್ನ ಹಿಂದೆ ಯಾರು ಬೆನ್ನಟ್ಟಿ ಬರುತ್ತಿದ್ದಾರೆಂದು ನೋಡಿದರು. ಇಬ್ಬರದೂ ಅಂತಃಕರಣವೇ. ಆದರೆ ಮೂರನೇ ದಿನವೂ, ಹತ್ತನೇ ದಿನವೂ ಹೀಗೇ ನಿಂತು ಉತ್ತರ ಹೇಳಬೇಕಾದರೆ ಗಟ್ಟಿ ಮನಸ್ಸಿನವರೂ ಚಾದರ ಎಳೆದು ಮಲಗುತ್ತಾರೆ. ಹೆಣ್ಣುಮಗಳೊಬ್ಬಳು ಓಡುತ್ತಿದ್ದರೆ ಏನೂ ಆಗಿಲ್ಲ. ಕೈ ಎತ್ತಿ ನಕ್ಕುಬಿಡಿ, ಸಾಕು.

ಖಾನಾಪುರದ ನಿಜವಾದ ಪರೀಕ್ಷೆ ಜೂನಿನಿಂದ. ಕಣಕುಂಬಿಯಲ್ಲಿ ಹುಟ್ಟಿ ಈ ಪಟ್ಟಣದ ಮಗ್ಗುಲಿಗೇ ಹರಿಯುವ ಮಲಪ್ರಭೆ ಬೇಸಿಗೆಯಲ್ಲಿ ಕಲ್ಲು ತೋರಿಸುತ್ತ ಮಲಗಿದ್ದವಳು ಎರಡು ವಾರದಲ್ಲಿ ಕೆಂಪಾಗಿ ಏರಿ ಬರುತ್ತಾಳೆ. ಎರೆಮಣ್ಣಿನ ಸೀಮೆಯವಳಾದ ನನಗೆ ಇಲ್ಲಿಯ ಜಂಬಿಟ್ಟಿಗೆ ಮಣ್ಣು ಹಬ್ಬವೇ. ನಮ್ಮಲ್ಲಿ ಒಂದು ಮಳೆ ಬಿದ್ದರೆ ಬೂಟಿಗೆ ಎರಡೆರಡು ಕಿಲೋ ಮಣ್ಣು ಮೆತ್ತುತ್ತದೆ. ಇಲ್ಲಿ ನೀರು ಇಂಗಿ ನೆಲ ಗಟ್ಟಿಯಾಗಿಯೇ ಇರುತ್ತದೆ, ಪಾಚಿ ಕಟ್ಟಿದ ಕಡೆ ಮಾತ್ರ ಜಾರುತ್ತದೆ. ತೊಯ್ದ ಬೂಟನ್ನು ಒಲೆಯ ಹತ್ತಿರ ಇಡಬೇಡಿ, ಅಂಟು ಬಿಡುತ್ತದೆ. ಒಳಗೆ ಹಳೆ ಪೇಪರು ಉಂಡೆ ಮಾಡಿ ತುರುಕಿ, ರಾತ್ರಿ ಒಮ್ಮೆ ಬದಲಿಸಿ. ನನಗೆ ಇದನ್ನು ಹೇಳಿಕೊಟ್ಟವನು ಪೊಲೀಸ್ ಭರ್ತಿಗೆ ತಯಾರಾಗುತ್ತಿದ್ದ ಹುಡುಗ.

ಆ ಹುಡುಗರ ಮಾತು ಹೇಳಲೇಬೇಕು. ಮರಾಠಾ ಲೈಟ್ ಇನ್‌ಫೆಂಟ್ರಿಯ ತರಬೇತಿ ಕೇಂದ್ರ ಬೆಳಗಾವಿಯಲ್ಲೇ ಇರುವುದರಿಂದಲೋ ಏನೋ, ನಮ್ಮ ಹಳ್ಳಿ ಹಳ್ಳಿಯಲ್ಲೂ ನಸುಕಿಗೆ ಓಡುವ ಹುಡುಗರಿದ್ದಾರೆ. ಸೇನಾ ಭರ್ತಿಯಲ್ಲಿ 1.6 ಕಿ.ಮೀ.ಯನ್ನು ಐದೂವರೆ ನಿಮಿಷದೊಳಗೆ ಮುಗಿಸಿದರೆ ಓಟಕ್ಕೆ ಪೂರ್ತಿ ಅಂಕ. ಆ ಐದೂವರೆ ನಿಮಿಷಕ್ಕಾಗಿ ವರ್ಷಗಟ್ಟಲೆ ಬೆವರು ಸುರಿಸುತ್ತಾರೆ. ಎಲ್ಲಿ? ಗೋವಾ ಹೆದ್ದಾರಿಯ ಅಂಚಿನಲ್ಲಿ, ಕತ್ತಲಲ್ಲಿ, ಕಪ್ಪು ಟೀ-ಶರ್ಟ್ ಹಾಕಿಕೊಂಡು. ಅವರಿಗೆ ಹತ್ತಿರದಲ್ಲೇ ಶಾಲೆಯದೋ ಕಾಲೇಜಿನದೋ ಮೈದಾನ ಇರುತ್ತದೆ, ಗೇಟಿಗೆ ಬೀಗವೂ ಇರುತ್ತದೆ. ಆಡಳಿತ ಮಂಡಳಿಯ ಹಿರಿಯರಲ್ಲಿ ನಾನು ಕೈಮುಗಿದು ಕೇಳುವುದು ಇಷ್ಟೇ: ಬೆಳಿಗ್ಗೆ ಐದರಿಂದ ಏಳರವರೆಗೆ ಬೀಗ ತೆಗೆಸಿ. ಕಸ ಬೀಳುತ್ತದೆ ಎಂಬ ಚಿಂತೆ ಇದ್ದರೆ ಆ ಹುಡುಗರ ಕೈಗೇ ಕೀಲಿ ಕೊಟ್ಟು ನೋಡಿ, ನಿಮ್ಮ ಸಿಪಾಯಿಗಿಂತ ಚಂದ ನೋಡಿಕೊಳ್ಳುತ್ತಾರೆ. ಹುಡುಗರೇ, ನೀವೂ ಬಿಳಿ ಅಂಗಿ ಹಾಕಿರಿ, ಎದುರು ಬರುವ ಗಾಡಿ ಕಾಣುವ ಹಾಗೆ ಬಲಬದಿಗೆ ಓಡಿರಿ, ಕಿವಿಯಲ್ಲಿನ ಹಾಡು ತೆಗೆಯಿರಿ. ಗಾಡಿಯವರೇ, ಮುಂದೆ ಮನುಷ್ಯರು ಕಂಡರೆ ದೀಪ ಡಿಪ್ಪರ್ ಮಾಡಿ. ಆ ಬೆಳಕು ಕಣ್ಣಿಗೆ ಹೊಡೆದಾಗ ನಮಗೆ ರಸ್ತೆಯೂ ಕಾಣುವುದಿಲ್ಲ, ಗಟಾರವೂ ಕಾಣುವುದಿಲ್ಲ.

ಹೊಸದಾಗಿ ಬಂದವರಿಗೂ ಒಂದೆರಡು ಮಾತು. ಜಾಂಬೋಟಿ, ಕಣಕುಂಬಿ ಕಡೆಯ ರಸ್ತೆ ಫೋಟೋದಲ್ಲಿ ನೋಡಿದರೆ ಓಡಲೆಂದೇ ಹಾಸಿದ ಹಾಗಿರುತ್ತದೆ. ಅದು ಭೀಮಗಡದ ಕಾಡಿನ ಸೀಮೆ, ಕರಡಿ ಇರುವ ಜಾಗ. ನಸುಕಿನಲ್ಲಿ ಒಬ್ಬರೇ ಆ ಕಡೆ ಹೋಗಬೇಡಿ. ಹಳ್ಳಿಯವರು ಬೇಡ ಎಂದರೆ ಅದು ಬರೀ ಹೆದರಿಸುವ ಮಾತಲ್ಲ. ಊರೊಳಗಿನ ನಾಯಿ ಬೆನ್ನು ಹತ್ತಿದರೆ ಓಟ ನಿಲ್ಲಿಸಿ, ಅದರ ಕಡೆ ಮುಖ ಮಾಡಿ ಮೆಲ್ಲಗೆ ಹಿಂದೆ ಸರಿಯಿರಿ. ಕಚ್ಚಿದರೆ ಗಾಯವನ್ನು ಸಾಬೂನು ಹಾಕಿ ಹದಿನೈದು ನಿಮಿಷ ಹರಿಯುವ ನೀರಿನಲ್ಲಿ ತೊಳೆದು ಅದೇ ದಿನ ಸರಕಾರಿ ಆಸ್ಪತ್ರೆಗೆ ಹೋಗಿ ರೇಬಿಸ್ ಚುಚ್ಚುಮದ್ದು ಹಾಕಿಸಿಕೊಳ್ಳಿ, ಅರಿಶಿಣ ಮೆತ್ತಿಕೊಂಡು ಕೂರಬೇಡಿ. ಹಳೆ ಊರಿನ ದೂರ, ಹಳೆ ಊರಿನ ವೇಗ ಎರಡನ್ನೂ ಮೊದಲ ತಿಂಗಳು ಮರೆತುಬಿಡಿ. ಹತ್ತು ನಿಮಿಷ ಓಡಿ ಬಂದರೂ ಆಯಿತು. ಆದರೆ ಸಾಮಾನು ಇಳಿಸಿದ ಆ ವಾರವೇ ಓಡಿ, ಒಂದು ರಸ್ತೆ ನಿಮ್ಮದಾಗುತ್ತದೆ.

ಈ ಊರುಗಳವರೇ, ನಿಮ್ಮ ಓಣಿಗೆ ಹೊಸ ಬಾಡಿಗೆದಾರರು ಬಂದರೆ ನೀರು ಯಾವಾಗ ಬರುತ್ತದೆ, ಕಸದ ಗಾಡಿ ಯಾವಾಗ ಬರುತ್ತದೆ ಎಂದು ಕೇಳುವ ಮೊದಲೇ ಹೇಳುತ್ತೀರಿ. ಚಹ ಕೊಟ್ಟು ಕಳಿಸುತ್ತೀರಿ, ಕುಂದಾ ತಿನ್ನಿಸುತ್ತೀರಿ. ಅದರ ಜೊತೆಗೆ ಇದನ್ನೂ ಕೇಳಿ: ಮುಂಜಾನೆ ಓಡುವ, ನಡೆಯುವ ರೂಢಿ ಇದೆಯೇನ್ರಿ? ಇದೆ ಎಂದರೆ ದಾರಿ ಹೇಳಿ. ನೀವು ಓಡುವವರಾದರೆ, ನಾಳೆ ನಮ್ಮ ಕೂಡ ಬರ್ರಿ ಎನ್ನಿ. ಎರಡನೇ ಗೇಟಿನ ಆ ಅಕ್ಕ ಅಂದು ರೈಲು ದಾಟುವುದನ್ನಷ್ಟೇ ನೋಡುತ್ತ ನಿಂತಿದ್ದರೆ ನಾನು ಇಂದಿಗೂ ಹಾಲು ತಂದುಕೊಂಡೇ ಇರುತ್ತಿದ್ದೆ.

ಖಾನಾಪುರದಲ್ಲಿ ಈಗ ನಾವು ಆರು ಜನ ಇದ್ದೇವೆ: ಇಬ್ಬರು ಶಿಕ್ಷಕಿಯರು, ಒಬ್ಬ ಹೆಂಚಿನ ವ್ಯಾಪಾರಿ, ಭರ್ತಿಗೆ ಓಡುವ ಇಬ್ಬರು ಹುಡುಗರು, ನಾನು. ಹುಡುಗರು ಮುಂದೆ ಹೋಗಿ ಮತ್ತೆ ತಿರುಗಿ ಬಂದು ನಮ್ಮನ್ನು ಕೂಡಿಕೊಳ್ಳುತ್ತಾರೆ. ಭಾನುವಾರ ಬಿಟ್ಟು ದಿನಾ ಬೆಳಿಗ್ಗೆ ಐದೂವರೆಗೆ ಮಲಪ್ರಭೆಯ ಸೇತುವೆಯ ಈಚೆ ಬದಿ, ಪಟ್ಟಣದ ಕಡೆ ನಿಂತಿರುತ್ತೇವೆ. ಮಳೆ ಜೋರಾಗಿದ್ದರೆ ಹತ್ತು ನಿಮಿಷ ತಡ. ಬೂಟು ಇಲ್ಲದಿದ್ದರೆ ಚಪ್ಪಲಿ ಬಿಟ್ಟು ಬರ್ರಿ, ಮೊದಲ ದಿನಕ್ಕೆ ನಡಿಗೆಯೂ ನಡೆಯುತ್ತದೆ.