ಹಿಂದೆ ಬಿದ್ದವರು ಕಣ ಬಿಡಬೇಕೆ?

ಅಮೇರಿಕದಲ್ಲಿ ಅಧ್ಯಕ್ಷ ಚುನಾವಣೆಯ ವರ್ಷ ಬಂತೆಂದರೆ ಮಾರ್ಚ್ ತಿಂಗಳ ಹೊತ್ತಿಗೆ ಒಂದು ಕೂಗು ತಪ್ಪದೆ ಏಳುತ್ತದೆ. ಪಕ್ಷದೊಳಗಿನ ಸ್ಪರ್ಧೆಯಲ್ಲಿ ಮುಂದಿರುವವರ ಬೆಂಬಲಿಗರು ಹಿಂದೆ ಬಿದ್ದವರನ್ನು ಕುರಿತು, ಇನ್ನು ನಿಮಗೆ ಗೆಲ್ಲುವ ಆಸೆಯಿಲ್ಲ, ಪಕ್ಷದ ಹಿತಕ್ಕಾಗಿ ಸರಿದು ನಿಲ್ಲಿರಿ ಎಂದು ಬುದ್ಧಿ ಹೇಳತೊಡಗುತ್ತಾರೆ. 1976ರಲ್ಲಿ ರೇಗನ್ನರಿಗೆ, 1980ರಲ್ಲಿ ಎಡ್ವರ್ಡ್ ಕೆನೆಡಿಯವರಿಗೆ, 2008ರಲ್ಲಿ ಹಿಲರಿ ಕ್ಲಿಂಟನ್‌ರಿಗೆ, 2016 ಮತ್ತು 2020ರಲ್ಲಿ ಬರ್ನಿ ಸ್ಯಾಂಡರ್ಸ್‌ರಿಗೆ, 2024ರಲ್ಲಿ ನಿಕ್ಕಿ ಹೇಲಿಯವರಿಗೆ ಈ ಉಪದೇಶ ಸಿಕ್ಕಿತ್ತು. 2028ರಲ್ಲಿ ಟ್ರಂಪ್ ಪುನಃ ನಿಲ್ಲುವುದಕ್ಕೆ ಸಂವಿಧಾನವೇ ಅಡ್ಡಿಯಾಗಿರುವುದರಿಂದ ಎರಡೂ ಪಕ್ಷಗಳಲ್ಲಿ ಅನೇಕರು ಕಣಕ್ಕಿಳಿಯುವ ಸಂಭವವಿದ್ದು, ಅದೇ ಕೂಗು ಮತ್ತೆ ಕೇಳಿಸುವುದು ಖಂಡಿತ. ಈ ಉಪದೇಶದಲ್ಲಿ ಹುರುಳೆಷ್ಟು ಎಂಬುದು ವಿಚಾರಿಸತಕ್ಕ ವಿಷಯ.

ನಮ್ಮಲ್ಲಿ ಟಿಕೆಟು ಹಂಚುವ ಕೆಲಸ ದಿಲ್ಲಿಯಲ್ಲೋ ತಿರುವನಂತಪುರದಲ್ಲೋ ನಾಲ್ಕು ಗೋಡೆಗಳ ನಡುವೆ ಮುಗಿಯುತ್ತದೆ. ಅಮೇರಿಕದಲ್ಲಿ ಹಾಗಲ್ಲ. ಪಕ್ಷದ ಹುರಿಯಾಳು ಯಾರಾಗಬೇಕೆಂಬುದನ್ನು ಮತದಾರರೇ ಪ್ರಾಥಮಿಕ ಚುನಾವಣೆಗಳಲ್ಲಿ ತೀರ್ಮಾನಿಸುತ್ತಾರೆ. ಈ ಮತದಾನ ಒಂದೇ ದಿನ ನಡೆಯುವುದಿಲ್ಲ. ವರ್ಷಾರಂಭದಿಂದ ಜೂನ್‌ವರೆಗೆ ಒಂದಾದ ಮೇಲೊಂದರಂತೆ ರಾಜ್ಯಗಳು ಮತ ನೀಡಿ, ಪಕ್ಷದ ಮಹಾಧಿವೇಶನಕ್ಕೆ ಪ್ರತಿನಿಧಿಗಳನ್ನು ಆರಿಸುತ್ತವೆ. ಆ ಪ್ರತಿನಿಧಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಜನರನ್ನು ಪಡೆದವರು ಹುರಿಯಾಳು. ಅಂದ ಮೇಲೆ ಮಾರ್ಚಿಯಲ್ಲೇ ಎಲ್ಲರೂ ಸರಿದು ನಿಂತರೆ ಏಪ್ರಿಲಿನಲ್ಲಿ, ಮೇಯಲ್ಲಿ, ಜೂನಿನಲ್ಲಿ ಮತ ಹಾಕಬೇಕಾದ ರಾಜ್ಯಗಳ ಜನರು ಮತಗಟ್ಟೆಗೆ ಹೋಗಿ ಮಾಡುವುದೇನು? ತೀರ್ಪು ಹೊರಬಿದ್ದ ಮೇಲೆ ಸಾಕ್ಷಿ ನುಡಿದಂತೆಯೇ ಸರಿ.

ಆದರೆ ಎಲ್ಲಾ ಸ್ಪರ್ಧೆಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. ಮತ ಎಣಿಸುವ ಕ್ರಮ ಯಾವುದೆಂಬುದನ್ನು ಮೊದಲು ನೋಡಬೇಕು. ಮಂಜೇಶ್ವರದ ವಾಚಕರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. 2016ರ ವಿಧಾನಸಭಾ ಚುನಾವಣೆಯಲ್ಲಿ ಅಲ್ಲಿ ಗೆದ್ದವರಿಗೂ ಸೋತವರಿಗೂ ನಡುವೆ ಇದ್ದ ಅಂತರ ಬರೇ 89 ಮತ. ಒಂದು ಮತ ಹೆಚ್ಚು ಪಡೆದವನಿಗೆ ಇಡೀ ಸ್ಥಾನ ದಕ್ಕುವ ಈ ಕ್ರಮದಲ್ಲಿ, ಕೆಲವೇ ನೂರು ಮತ ಪಡೆಯುವ ಉಮೇದ್ವಾರನೂ ಫಲಿತಾಂಶವನ್ನು ತಿರುಗಿಸಬಲ್ಲ. ಅಮೇರಿಕದ ರಿಪಬ್ಲಿಕನ್ ಪಕ್ಷದವರು ಅನೇಕ ರಾಜ್ಯಗಳಲ್ಲಿ ಇಂಥದೇ ಕ್ರಮವನ್ನು ಅನುಸರಿಸುತ್ತಾರೆ. ಡೆಮಾಕ್ರಾಟಿಕ್ ಪಕ್ಷದಲ್ಲಿ ಮಾತ್ರ ಮತಗಳ ಪ್ರಮಾಣಕ್ಕೆ ಸರಿಯಾಗಿ ಪ್ರತಿನಿಧಿಗಳನ್ನು ಹಂಚಿಕೊಡುವ ನಿಯಮವಿದೆ. ನೂರಕ್ಕೆ 15 ಮತವಾದರೂ ಬಾರದವರಿಗೆ ಅಲ್ಲಿಯೂ ಪಾಲಿಲ್ಲ.

2016ರಲ್ಲಿ ರಿಪಬ್ಲಿಕನ್ ಪಕ್ಷದಲ್ಲಿ ನಡೆದುದನ್ನು ನೆನೆಯಬಹುದು. ಮೊದಲಿಗೆ 17 ಮಂದಿ ಪ್ರಮುಖರು ಕಣದಲ್ಲಿದ್ದರು. ಫೆಬ್ರವರಿಯಲ್ಲಿ ದಕ್ಷಿಣ ಕೆರೊಲಿನಾದಲ್ಲಿ ಟ್ರಂಪ್‌ಗೆ ಬಿದ್ದುದು ನೂರಕ್ಕೆ 33ಕ್ಕಿಂತಲೂ ಕಡಿಮೆ ಮತ. ದೊರಕಿದ ಪ್ರತಿನಿಧಿಗಳೋ, ಇದ್ದ ಐವತ್ತಕ್ಕೆ ಐವತ್ತೂ! ರೂಬಿಯೋ ಮತ್ತು ಕ್ರೂಜ್ ತಲಾ 22ರಷ್ಟು ಪಡೆದು ಬರಿಗೈಯಲ್ಲಿ ಮರಳಿದರು. ನಾನಿರಬೇಕು, ನೀನು ಹೋಗಬೇಕು ಎಂದು ಪ್ರತಿಯೊಬ್ಬರೂ ಇನ್ನೊಬ್ಬರ ದಾರಿ ಕಾದರೇ ಹೊರತು ಸಮಯಕ್ಕೆ ಯಾರೂ ಏಳಲಿಲ್ಲ. ಏಪ್ರಿಲ್ ಕೊನೆಗೆ ಕ್ರೂಜ್ ಮತ್ತು ಕೇಸಿಕ್ ಇಬ್ಬರೂ ರಾಜ್ಯಗಳನ್ನು ಹಂಚಿಕೊಳ್ಳುವ ಒಪ್ಪಂದಕ್ಕೆ ಬಂದರು. ಇಂಡಿಯಾನಾ ಕ್ರೂಜ್‌ಗೆ, ಓರೆಗಾನ್ ಮತ್ತು ನ್ಯೂ ಮೆಕ್ಸಿಕೋ ಕೇಸಿಕ್‌ಗೆ. ಮನೆ ಸುಟ್ಟ ಮೇಲೆ ಬಾವಿ ತೋಡಿದ ಕಥೆ ಇದು. ಇಂಡಿಯಾನಾದಲ್ಲಿ ಟ್ರಂಪ್ ಅರ್ಧಕ್ಕಿಂತ ಹೆಚ್ಚು ಮತ ಪಡೆದರು. ಮೇ 3ರಂದು ಕ್ರೂಜ್, ಮರುದಿನ ಕೇಸಿಕ್ ಕಣ ತೊರೆದರು. ಹಾಗೆಂದು, ಒಬ್ಬನು ಹಿಂದೆ ಸರಿದರೆ ಅವನ ಮತಗಳೆಲ್ಲಾ ಇಡಿಗಂಟಾಗಿ ನೆರೆಯವನ ಚೀಲಕ್ಕೆ ಬೀಳುತ್ತವೆಂದು ಲೆಕ್ಕ ಹಾಕುವುದೂ ಸರಿಯಲ್ಲ. ಮತದಾರರು ಯಾರ ಕಿಸೆಯ ಸೊತ್ತೂ ಅಲ್ಲ. ಕ್ರೂಜ್‌ರನ್ನು ಮೆಚ್ಚಿದವರಲ್ಲಿ ಅನೇಕರಿಗೆ ಎರಡನೆಯ ಆಯ್ಕೆ ಟ್ರಂಪರೇ ಆಗಿದ್ದಿರಬಹುದು.

2020ರಲ್ಲಿ ಡೆಮಾಕ್ರಾಟರು ಈ ಪಾಠವನ್ನು ಕಲಿತಿದ್ದರೆಂದು ತೋರುತ್ತದೆ. ಬೈಡನ್ ಅಯೋವಾದಲ್ಲಿ ನಾಲ್ಕನೆಯವರು, ನ್ಯೂ ಹ್ಯಾಂಪ್‌ಶೈರಿನಲ್ಲಿ ಐದನೆಯವರು. ಅಂದು ಅವರಿಗೇ 'ಸರಿದು ನಿಲ್ಲಿರಿ' ಎಂದಿದ್ದರೆ ಆಶ್ಚರ್ಯವಿರಲಿಲ್ಲ! ಫೆಬ್ರವರಿ 29ರಂದು ದಕ್ಷಿಣ ಕೆರೊಲಿನಾದ ಕರಿಯ ಮತದಾರರು ಅವರನ್ನು ಎತ್ತಿ ನಿಲ್ಲಿಸಿದರು. ಮಾರ್ಚ್ 1ರಂದು ಬುಟ್ಟಿಜೆಜ್, 2ರಂದು ಕ್ಲೋಬುಚಾರ್ ಕಣ ಬಿಟ್ಟರು. 3ರಂದು 14 ರಾಜ್ಯಗಳಲ್ಲಿ ಮತದಾನ ನಡೆದು ಹತ್ತು ರಾಜ್ಯಗಳು ಬೈಡನ್‌ರ ಪಾಲಾದವು. ನೂರಕ್ಕೆ ಹದಿನೈದರ ಗಡಿ ಮುಟ್ಟಲಾರದ ಉಮೇದ್ವಾರರು ಕಣದಲ್ಲುಳಿದರೆ ತಮ್ಮವರ ಮತಗಳೇ ಲೆಕ್ಕಕ್ಕಿಲ್ಲದೆ ಹೋಗುತ್ತವೆಂಬುದನ್ನು ಆ ಇಬ್ಬರೂ ಕಂಡುಕೊಂಡಿದ್ದರು. ಬೇಗ ಬಿಟ್ಟವರಿಗೆ ನಷ್ಟವೂ ಆಗಲಿಲ್ಲ. ಬುಟ್ಟಿಜೆಜ್ ಮುಂದೆ ಸಾರಿಗೆ ಮಂತ್ರಿಯಾದರು. ಒಂದು ಮತವೂ ಬೀಳುವ ಮುನ್ನವೇ, 2019ರ ಡಿಸೆಂಬರಿನಲ್ಲಿ, ಹಿಂದೆ ಸರಿದ ಕಮಲಾ ಹ್ಯಾರಿಸ್ ಉಪಾಧ್ಯಕ್ಷೆಯಾದರು.

ಹಿಂದೆ ಸರಿಯಿರೆಂದು ಒತ್ತಾಯಿಸುವವರ ದೊಡ್ಡ ವಾದವೆಂದರೆ, ಒಳಜಗಳ ಉದ್ದವಾದಷ್ಟೂ ನವೆಂಬರಿನಲ್ಲಿ ಎದುರು ಪಕ್ಷಕ್ಕೆ ಲಾಭ ಎಂಬುದು. ಇದಕ್ಕೆ 1976 ಮತ್ತು 1980ರ ಉದಾಹರಣೆಗಳನ್ನು ಕೊಡುತ್ತಾರೆ. 1976ರಲ್ಲಿ ಅಧ್ಯಕ್ಷ ಫೋರ್ಡರ ವಿರುದ್ಧ ನಿಂತ ರೇಗನ್ ಮೊದಲ ಐದೂ ಪ್ರಾಥಮಿಕ ಚುನಾವಣೆಗಳಲ್ಲಿ ಸೋತರು. ಬಿಟ್ಟುಬಿಡಿರೆಂದು ಪಕ್ಷದ ಹಿರಿಯರಿಂದ ಒತ್ತಾಯ ಬಂತು. ಅವರು ಬಿಡಲಿಲ್ಲ. ಮಾರ್ಚ್ 23ರಂದು ಉತ್ತರ ಕೆರೊಲಿನಾವನ್ನು ಗೆದ್ದರು. ಮೇಯಲ್ಲಿ ಟೆಕ್ಸಾಸನ್ನು ಸಾರಾಸಗಟಾಗಿ ಗೆದ್ದರು. ಆಗಸ್ಟಿನಲ್ಲಿ ಕಾನ್ಸಾಸ್ ಸಿಟಿಯ ಅಧಿವೇಶನದಲ್ಲಿ ಫೋರ್ಡ್‌ಗೆ 1187, ರೇಗನ್‌ಗೆ 1070. ನವೆಂಬರಿನಲ್ಲಿ ಫೋರ್ಡ್ ಕಾರ್ಟರ್ ಎದುರು ಸೋತರು. ನಾಲ್ಕು ವರ್ಷದ ನಂತರ ಕಾರ್ಟರ್‌ಗೆ ಅದೇ ಗತಿ ಬಂತು. ಕೆನೆಡಿ ಆಗಸ್ಟಿನ ಅಧಿವೇಶನದ ತನಕವೂ ಹೋರಾಡಿದರು, ಕಾರ್ಟರ್ 44 ರಾಜ್ಯಗಳಲ್ಲಿ ಸೋತರು.

ಆದರೆ ಕಾರಣ ಯಾವುದು, ಪರಿಣಾಮ ಯಾವುದು? ಟೆಹರಾನಿನಲ್ಲಿ ಅಮೇರಿಕದ ರಾಯಭಾರಿ ಕಚೇರಿಯವರು ಒತ್ತೆಯಾಳುಗಳಾಗಿ ಕುಳಿತಿದ್ದರು. ದೇಶದಲ್ಲಿ ಬೆಲೆಗಳು ಮುಗಿಲು ಮುಟ್ಟಿದ್ದವು. ಕಾರ್ಟರ್ ದುರ್ಬಲರಾಗಿದ್ದುದರಿಂದ ಕೆನೆಡಿಗೆ ನಿಲ್ಲುವ ಧೈರ್ಯ ಬಂತೇ ವಿನಾ ಕೆನೆಡಿ ನಿಂತುದರಿಂದಲೇ ಕಾರ್ಟರ್ ದುರ್ಬಲರಾದುದಲ್ಲ. ಫೋರ್ಡರಿಗಾದರೂ ನಿಕ್ಸನ್ನರಿಗೆ ಕ್ಷಮಾದಾನ ನೀಡಿದ ಅಪಕೀರ್ತಿ ಅಂಟಿತ್ತು. ಜ್ವರ ಬಂದವನ ಮೈ ಬಿಸಿಯಿರುತ್ತದೆಂದು, ಮೈ ಬಿಸಿಯಾದುದರಿಂದಲೇ ಜ್ವರ ಬಂತೆನ್ನಬಹುದೆ?

2008ರ ಅನುಭವವಂತೂ ಈ ವಾದಕ್ಕೆ ನೇರ ವಿರುದ್ಧವಾಗಿದೆ. ಆ ವರ್ಷ ಮಾರ್ಚ್ ಕೊನೆಯಲ್ಲೇ ಸೆನೆಟರ್ ಲೇಹಿಯವರು ಹಿಲರಿ ಕಣ ಬಿಡಬೇಕೆಂದು ಬಹಿರಂಗವಾಗಿ ಹೇಳಿದರು. ಹಿಲರಿ ಒಪ್ಪಲಿಲ್ಲ. ಪೆನ್ಸಿಲ್ವೇನಿಯಾ, ಇಂಡಿಯಾನಾ, ಪೋರ್ಟೊ ರಿಕೊ ಎಂದು ಗೆಲ್ಲುತ್ತಾ ಜೂನ್ 3ರ ಕೊನೆಯ ಮತದಾನದವರೆಗೂ ನಡೆದರು. ಜೂನ್ 7ರಂದು ಸುಮಾರು 1 ಕೋಟಿ 80 ಲಕ್ಷ ಮತಗಳ ಬಲದೊಂದಿಗೆ ಸ್ಪರ್ಧೆ ನಿಲ್ಲಿಸಿ ಒಬಾಮರಿಗೆ ಬೆಂಬಲ ಸಾರಿದರು. ಇದರಿಂದ ಪಕ್ಷ ಮುಳುಗಿತೆ? ಒಬಾಮ ನವೆಂಬರಿನಲ್ಲಿ ಗೆದ್ದ ರಾಜ್ಯಗಳಲ್ಲಿ ಇಂಡಿಯಾನಾ ಒಂದು, ಉತ್ತರ ಕೆರೊಲಿನಾ ಒಂದು. ಇಂಡಿಯಾನಾದಲ್ಲಿ 1964ರ ನಂತರ, ಉತ್ತರ ಕೆರೊಲಿನಾದಲ್ಲಿ 1976ರ ನಂತರ ಆ ಪಕ್ಷ ಗೆದ್ದಿರಲೇ ಇಲ್ಲ. ಮಾರ್ಚಿಯಲ್ಲೇ ಸ್ಪರ್ಧೆ ಮುಗಿದಿದ್ದರೆ ಮೇ 6ರಂದು ಮತ ನೀಡಿದ ಈ ಎರಡು ರಾಜ್ಯಗಳ ಊರೂರಿಗೆ ಕಾರ್ಯಕರ್ತರನ್ನು ಕಳುಹಿಸುವ, ಹೊಸ ಹೆಸರುಗಳನ್ನು ಮತದಾರರ ಪಟ್ಟಿಗೆ ಸೇರಿಸುವ ತೊಂದರೆಯನ್ನು ಯಾರು ತೆಗೆದುಕೊಳ್ಳುತ್ತಿದ್ದರು?

ಆ ಉದ್ದದ ಓಟದಲ್ಲಿ ಮತ್ತೊಂದು ಸ್ವಾರಸ್ಯದ ಸಂಗತಿಯಿತ್ತು. ಪೆಸಿಫಿಕ್ ಸಾಗರದ ಗುವಾಮ್ ದ್ವೀಪದವರಿಗೆ ನವೆಂಬರಿನ ಅಧ್ಯಕ್ಷ ಚುನಾವಣೆಯಲ್ಲಿ ಮತವಿಲ್ಲ. ಪಕ್ಷದ ಪ್ರತಿನಿಧಿಗಳನ್ನು ಆರಿಸುವ ಹಕ್ಕು ಮಾತ್ರ ಇದೆ. ಆ ವರ್ಷದ ಮೇ ತಿಂಗಳಲ್ಲಿ ಅಲ್ಲಿ ನಾಲ್ಕೂವರೆ ಸಾವಿರದಷ್ಟು ಮತ ಬಿದ್ದು, ಒಬಾಮ ಏಳೇ ಮತಗಳಿಂದ ಗೆದ್ದರು. ಎಂದೂ ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳದ ದ್ವೀಪದ ಜನರ ಮತವನ್ನು ಒಂದೊಂದಾಗಿ ಎಣಿಸಿ ನೋಡುವ ದಿನ ಬಂದದ್ದು, ಹಿಂದೆ ಬಿದ್ದವರೊಬ್ಬರು ಹಟ ಹಿಡಿದು ನಿಂತುದರಿಂದ. ಗಡಿಯ ಅಂಚಿನಲ್ಲಿರುವ ನಮಗೆ ಇದರ ಅರ್ಥ ಬೇಗನೆ ಹೊಳೆಯುತ್ತದೆ.

ಗೆಲ್ಲುವ ಆಸೆಯೇ ಇಲ್ಲದಿದ್ದರೂ ಕೊನೆಯವರೆಗೆ ನಿಂತು ಪಡೆಯಬೇಕಾದುದನ್ನು ಪಡೆದವರೆಂದರೆ ಜೆಸ್ಸಿ ಜಾಕ್ಸನ್. ಕರಿಯರ ನಾಯಕರಾದ ಇವರು 1984ರಲ್ಲಿ ಮೂರನೆಯವರಾಗಿ, 1988ರಲ್ಲಿ ಡುಕಾಕಿಸ್‌ರ ನಂತರ ಎರಡನೆಯವರಾಗಿ ಬಂದರು. ಮೊದಲ ಸಲ ಅವರಿಗೆ ಬಿದ್ದ ಮತಗಳಿಗೂ ಸಿಕ್ಕಿದ ಪ್ರತಿನಿಧಿಗಳಿಗೂ ತಾಳೆಯಿರಲಿಲ್ಲ. ಎಣಿಕೆಯ ನಿಯಮವೇ ಅಲ್ಪಸಂಖ್ಯಾತರಿಗೆ ಮೋಸ ಮಾಡುತ್ತಿದೆಯೆಂಬುದು ಅವರ ದೂರು. 1988ರಲ್ಲಿ ಮಿಷಿಗನ್ ಮುಂತಾದ ರಾಜ್ಯಗಳನ್ನು ಗೆದ್ದು, ಎಪ್ಪತ್ತು ಲಕ್ಷದ ಹತ್ತಿರ ಮತ ಗಳಿಸಿ ಅಟ್ಲಾಂಟಾದ ಅಧಿವೇಶನಕ್ಕೆ ಬಂದರು. ಡುಕಾಕಿಸ್‌ರ ಆಯ್ಕೆ ಅಷ್ಟರಲ್ಲಿ ನಿಶ್ಚಿತವಾಗಿತ್ತು. ಜಾಕ್ಸನ್ ಕೇಳಿದ್ದು ನಿಯಮದ ತಿದ್ದುಪಡಿ. ಮುಂದಿನ ಚುನಾವಣೆಗಳಲ್ಲಿ ಎಲ್ಲಾ ರಾಜ್ಯಗಳಲ್ಲೂ ಮತಪ್ರಮಾಣಕ್ಕೆ ತಕ್ಕಂತೆ ಪ್ರತಿನಿಧಿಗಳನ್ನು ಹಂಚಬೇಕೆಂದು ಪಕ್ಷ ಒಪ್ಪಿತು. ಅವರ ಪರವಾಗಿ ಅಧಿವೇಶನದ ವ್ಯವಹಾರ ನೋಡಿಕೊಂಡ ರಾನ್ ಬ್ರೌನ್ 1989ರಲ್ಲಿ ಪಕ್ಷದ ಅಧ್ಯಕ್ಷರಾದರು. ಆ ಸ್ಥಾನಕ್ಕೇರಿದ ಮೊದಲ ಕರಿಯ ಅವರು.

ಅಂದು ಬಹಳ ಮಂದಿ ಗಮನಿಸದಿದ್ದ ಆ ತಿದ್ದುಪಡಿ ಫಲ ಕೊಟ್ಟದ್ದು ಇಪ್ಪತ್ತು ವರ್ಷಗಳ ಮೇಲೆ. 2008ರಲ್ಲಿ ಕ್ಯಾಲಿಫೋರ್ನಿಯಾ, ನ್ಯೂಯಾರ್ಕ್, ನ್ಯೂಜೆರ್ಸಿ, ಓಹಿಯೋಗಳಂಥ ದೊಡ್ಡ ರಾಜ್ಯಗಳನ್ನು ಗೆದ್ದವರು ಹಿಲರಿ. ಹಳೆಯ ಕ್ರಮವಿದ್ದಿದ್ದರೆ ಗಂಟೆಲ್ಲಾ ಅವರದೇ. ಹೊಸ ನಿಯಮದಲ್ಲಿ ನ್ಯೂಜೆರ್ಸಿಯಂಥ ದೊಡ್ಡ ರಾಜ್ಯ ಗೆದ್ದು ಹಿಲರಿ ಪಡೆದ ಮುನ್ನಡೆ 11 ಪ್ರತಿನಿಧಿಗಳು. ಅದೇ ದಿನ ಐಡಾಹೋ ಎಂಬ ಪುಟ್ಟ ರಾಜ್ಯದಲ್ಲಿ ಒಬಾಮ ಪಡೆದ ಮುನ್ನಡೆ 12. ಜಾಕ್ಸನ್‌ರಿಗೆ ದಕ್ಕದ ಪದವಿಯ ಬಾಗಿಲನ್ನು ಜಾಕ್ಸನ್ ಮಾಡಿಸಿದ ನಿಯಮವೇ ಮತ್ತೊಬ್ಬ ಕರಿಯನಿಗೆ ತೆರೆಯಿತೆಂದರೆ ಅತಿಶಯೋಕ್ತಿಯಾಗಲಾರದು.

ಸಂಖ್ಯೆಯಲ್ಲಿ ಕಡಿಮೆಯಿರುವವರಿಗೆ ಎಲ್ಲಾ ಕಡೆಯೂ ಒಂದೇ ಮಾತು ಹೇಳುವುದುಂಟು: ನೀವು ಗೆಲ್ಲುವವರಲ್ಲ, ಮತ ಒಡೆಯುವವರು. ಕಾಸರಗೋಡಿನ ಕನ್ನಡಿಗರು ಇದನ್ನು ಕೇಳಿ ಕೇಳಿ ಬೇಸತ್ತವರು. 1957ರಲ್ಲಿ ಮಂಜೇಶ್ವರದಿಂದ ಉಮೇಶ ರಾಯರು ಅವಿರೋಧವಾಗಿ ಆಯ್ಕೆಯಾದ ಕಾಲ, 1960ರ ದಶಕದಲ್ಲಿ ಕಳ್ಳಿಗೆ ಮಹಾಬಲ ಭಂಡಾರಿಯವರು ಪಕ್ಷೇತರರಾಗಿ ಗೆದ್ದ ಕಾಲ ಹಿಂದೆ ಹೋಯಿತು. ದೊಡ್ಡ ಪಕ್ಷಗಳ ನಡುವೆ ಕನ್ನಡಿಗರ ಉಮೇದ್ವಾರನೆಂಬವನು ನಿಂತರೆ ಯಾರಿಗೆ ಲಾಭ, ಯಾರಿಗೆ ನಷ್ಟ ಎಂಬ ಲೆಕ್ಕವೇ ತರುವಾಯ ಮುಂದೆ ಬಂತು. ನಮ್ಮ ಎಣಿಕೆಯ ಕ್ರಮದಲ್ಲಿ ಆ ಲೆಕ್ಕ ಸುಳ್ಳೆನ್ನಲಾಗದು. ಎರಡನೆಯವನಿಗೂ ಮೂರನೆಯವನಿಗೂ ಪಾಲು ಕೊಡುವ ಕ್ರಮದಲ್ಲಿಯೂ ಅದೇ ಲೆಕ್ಕವನ್ನು ಮುಂದೊಡ್ಡಿದರೆ ಮಾತ್ರ, ಅದು ಮುಂದಿರುವವರ ಅನುಕೂಲದ ಮಾತಲ್ಲದೆ ಬೇರೇನೂ ಅಲ್ಲ.

ನಿಜ ಹೇಳುವುದಾದರೆ ಅಮೇರಿಕದಲ್ಲಿ ಉಮೇದ್ವಾರರನ್ನು ಕಣದಿಂದ ಎಬ್ಬಿಸುವುದು ಉಪದೇಶವಲ್ಲ, ಹಣದ ಅಭಾವ. ಹಿಲರಿ ತಮ್ಮ ಸ್ವಂತದ ಒಂದು ಕೋಟಿ ಡಾಲರಿಗೂ ಹೆಚ್ಚು ಹಣವನ್ನು ಪ್ರಚಾರಕ್ಕೆ ಸಾಲವಾಗಿ ಕೊಟ್ಟಿದ್ದರು. ಅಷ್ಟು ಕೈಯಲ್ಲಿಲ್ಲದವರು ಬೇಗ ಏಳಬೇಕಾಗುತ್ತದೆ. ಏಳುವಾಗಲೂ 'ಹಿಂದೆ ಸರಿದೆ' ಎನ್ನುವುದಿಲ್ಲ, 'ಪ್ರಚಾರವನ್ನು ತಾತ್ಕಾಲಿಕವಾಗಿ ನಿಲ್ಲಿಸಿದೆ' ಎನ್ನುತ್ತಾರೆ. ಗಳಿಸಿದ ಪ್ರತಿನಿಧಿಗಳನ್ನು ಕೈಬಿಡದೆ, ಸಾಲ ತೀರಿಸಲು ದೇಣಿಗೆ ಎತ್ತುತ್ತಾ ಇರಲು ಈ ಮಾತು ಅನುಕೂಲ.

ಉಮೇದ್ವಾರರು ಎದ್ದರೂ ಮತದಾರರು ಏಳುವುದಿಲ್ಲವೆಂಬುದಕ್ಕೆ 2024 ಸಾಕ್ಷಿ. ಪಂಜಾಬಿನಿಂದ ವಲಸೆ ಹೋದ ಸಿಖ್ ದಂಪತಿಯ ಮಗಳಾದ ನಿಕ್ಕಿ ಹೇಲಿ ಮಾರ್ಚ್ 6ರಂದು ಸ್ಪರ್ಧೆ ನಿಲ್ಲಿಸಿದರು. ಏಪ್ರಿಲ್ 23ರಂದು ಪೆನ್ಸಿಲ್ವೇನಿಯಾದ ರಿಪಬ್ಲಿಕನ್ ಮತದಾರರಲ್ಲಿ ಒಂದೂವರೆ ಲಕ್ಷಕ್ಕೂ ಹೆಚ್ಚು ಮಂದಿ ಅವರಿಗೇ ಮತ ಹಾಕಿದರು. ನವೆಂಬರಿನಲ್ಲಿ ಆ ರಾಜ್ಯವನ್ನು ಟ್ರಂಪ್ ಗೆದ್ದ ಅಂತರ ಇದಕ್ಕಿಂತ ಕಡಿಮೆ, ಸುಮಾರು 1 ಲಕ್ಷ 20 ಸಾವಿರ. ಅಂತೂ ಹೇಲಿಯವರ ಹಟವಾಗಲಿ, ಅವರ ಮತದಾರರ ಹಟವಾಗಲಿ ಟ್ರಂಪ್‌ರ ಗೆಲುವಿಗೆ ಅಡ್ಡಿಯಾಗಲಿಲ್ಲ.

ಅದೇ ವರ್ಷ ಡೆಮಾಕ್ರಾಟರ ಪಾಳೆಯದಲ್ಲಿ ಸಂಪೂರ್ಣ ಶಾಂತಿ. ಅಧ್ಯಕ್ಷ ಬೈಡನ್ ವಿರುದ್ಧ ನಿಂತ ಡೀನ್ ಫಿಲಿಪ್ಸ್ ಎಂಬ ಕಾಂಗ್ರೆಸ್ ಸದಸ್ಯರಿಗೆ ಬೆಂಬಲ ಸಿಗದೆ ಮಾರ್ಚಿಯಲ್ಲಿ ಕಣ ಬಿಟ್ಟರು. ಫ್ಲೋರಿಡಾದಲ್ಲಿ ಪಕ್ಷದವರು ಬೈಡನ್‌ರ ಹೆಸರೊಂದನ್ನೇ ಕಳುಹಿಸಿದುದರಿಂದ ಪ್ರಾಥಮಿಕ ಚುನಾವಣೆಯೇ ನಡೆಯಲಿಲ್ಲ. ಬೈಡನ್‌ರ ವಯಸ್ಸಿನ ಪ್ರಶ್ನೆಯನ್ನು ಮತದಾರರ ಮುಂದಿಟ್ಟು ಪರೀಕ್ಷಿಸುವ ಬಲವಾದ ಪ್ರತಿಸ್ಪರ್ಧಿ ಯಾರೂ ಇರಲಿಲ್ಲ. ಆ ಪರೀಕ್ಷೆ ನಡೆದದ್ದು ಜೂನ್ 27ರಂದು, ಟೆಲಿವಿಷನ್ ಚರ್ಚೆಯಲ್ಲಿ ಟ್ರಂಪ್ ಎದುರು. ಜುಲೈ 21ರಂದು ಬೈಡನ್ ಹಿಂದೆ ಸರಿದಾಗ ಎಲ್ಲಾ ರಾಜ್ಯಗಳ ಪ್ರಾಥಮಿಕ ಚುನಾವಣೆಗಳು ಮುಗಿದುಹೋಗಿದ್ದವು. ಕಮಲಾ ಹ್ಯಾರಿಸ್‌ರನ್ನು ಮತದಾರರ ಮುಂದೆ ಒಯ್ಯಲು ವೇಳೆಯಿಲ್ಲದೆ, ಪ್ರತಿನಿಧಿಗಳು ಆಗಸ್ಟ್ ಮೊದಲ ವಾರದಲ್ಲಿ ತಾವೇ ಆರಿಸಿ ಕಳುಹಿಸಿದರು.